ಜರ್ಮನಿಗೆ ಓದಲು ಬರುವವರೇ, ಮೊದಲು ಒಂದು ವಿಳಾಸ ಮಾಡಿಕೊಳ್ಳಿ

ಜರ್ಮನಿಗೆ ಬಂದ ಮೊದಲ ವಾರ, ಕೋಣೆಯ ಬೀಗದ ಕೈ ಸಿಕ್ಕ ಖುಷಿಯಲ್ಲಿ ನಾನು ಒಂದು ಸಣ್ಣ ಕೆಲಸ ಮರೆತೆ. ಕಟ್ಟಡದ ಬಾಗಿಲ ಹತ್ತಿರ ಸಾಲಾಗಿ ಹನ್ನೆರಡು ಟಪಾಲು ಡಬ್ಬಿಗಳಿದ್ದವು. ನಮ್ಮ ಡಬ್ಬಿಯ ಮೇಲೆ ಹಿಂದಿನ ಬಾಡಿಗೆದಾರರ ಹೆಸರೇ ಇತ್ತು. ಊರಲ್ಲಾದರೆ ಪೋಸ್ಟ್‌ಮ್ಯಾನ್ ಮನೆ ನಂಬರ್ ನೋಡುತ್ತಾರೆ, ಗೊತ್ತಾಗದಿದ್ದರೆ ಪಕ್ಕದ ಮನೆಯವರನ್ನು ಕೇಳಿ ಕಾಗದ ಕೊಟ್ಟು ಹೋಗುತ್ತಾರೆ. ಇಲ್ಲಿ ಎಷ್ಟೋ ಕಟ್ಟಡಗಳಲ್ಲಿ ಫ್ಲ್ಯಾಟ್ ನಂಬರೇ ಇರುವುದಿಲ್ಲ. ಡಬ್ಬಿಯ ಮೇಲೆ ಹೆಸರಿಲ್ಲ ಅಂದರೆ ಆ ಹೆಸರಿನವರು ಅಲ್ಲಿಲ್ಲ ಅಂತ ಲೆಕ್ಕ. ನನ್ನ ಟ್ಯಾಕ್ಸ್ ನಂಬರಿನ ಪತ್ರ ವಾಪಸ್ ಹೋಯಿತು. ಬ್ಯಾಂಕ್ ಕಾರ್ಡಿನ ಪಿನ್ ಕೂಡ. ಟ್ಯಾಕ್ಸ್ ನಂಬರ್ ಇಲ್ಲದ್ದರಿಂದ ಮೊದಲ ಸಂಬಳದಲ್ಲಿ ತೆರಿಗೆ ಜಾಸ್ತಿ ಹಿಡಿದರು. ಚೀಟಿಯಲ್ಲಿ ಹೆಸರು ಬರೆದು ಸೆಲ್ಲೋಟೇಪ್ ಅಂಟಿಸಲು ಎರಡು ನಿಮಿಷ ಸಾಕಿತ್ತು. ಅದು ಗೊತ್ತಾಗುವ ಹೊತ್ತಿಗೆ ಆರು ವಾರ ಕಳೆದಿತ್ತು.

ಈ ದೇಶದಲ್ಲಿ ಎಲ್ಲವೂ ವಿಳಾಸದಿಂದ ಶುರುವಾಗುತ್ತದೆ, ಎಲ್ಲವೂ ಟಪಾಲಿನಲ್ಲಿ ಬರುತ್ತದೆ. ವಿಳಾಸ ನೋಂದಣಿ ಆದರೆ ಟ್ಯಾಕ್ಸ್ ನಂಬರ್, ಅದಿದ್ದರೆ ಸರಿಯಾದ ಸಂಬಳ. ಇಲ್ಲಿ ಇರಲು ಬೇಕಾದ ಪರ್ಮಿಟ್ ಕೊಡುವ ಕಚೇರಿ ಯಾವುದು ಅನ್ನುವುದೂ ವಿಳಾಸದ ಮೇಲೆಯೇ ನಿಂತಿದೆ. ಒಂದು ಕೊಂಡಿ ಬಿಟ್ಟರೆ ಮುಂದಿನದೆಲ್ಲ ನಿಲ್ಲುತ್ತದೆ. ಏಜೆಂಟರು ವೀಸಾ ಸಿಗುವ ತನಕದ ಕಥೆ ಹೇಳುತ್ತಾರೆ. ಆಮೇಲಿನದು ಯಾರೂ ಹೇಳುವುದಿಲ್ಲ.

2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಇಲ್ಲಿ 49,483 ಭಾರತೀಯ ವಿದ್ಯಾರ್ಥಿಗಳಿದ್ದರು. ಬೇರೆ ಯಾವ ದೇಶದವರಿಗಿಂತಲೂ ಜಾಸ್ತಿ. ಬಹಳಷ್ಟು ಜನ ಬರುವುದು ಫೀಸು ಇಲ್ಲ ಅಂತ. ಸರ್ಕಾರಿ ವಿಶ್ವವಿದ್ಯಾಲಯಗಳ ಮಟ್ಟಿಗೆ ಅದು ಬಹುಪಾಲು ನಿಜ. ಸೆಮಿಸ್ಟರ್‌ಗೆ ನೂರರಿಂದ ನಾನೂರು ಯೂರೋ ಒಳಗೆ ಒಂದು ಶುಲ್ಕ ಇರುತ್ತದೆ, ಅಷ್ಟೇ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಇದೆ. (ನಮ್ಮ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ಇದೇ ರಾಜ್ಯದಲ್ಲಿದೆ. ಆ ಕಡೆ ಓದುವವರು ಒಮ್ಮೆ ಹೋಗಿ ಬನ್ನಿ.) ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಕೂಡ 2024ರ ಚಳಿಗಾಲದಿಂದ ಫೀಸು ಶುರು ಮಾಡಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ಇನ್ನು ಖಾಸಗಿ ಕಾಲೇಜುಗಳ ಮಾತೇ ಬೇರೆ. ಏಜೆಂಟರಿಗೆ ಕಮಿಷನ್ ಬರುವುದು ಹೆಚ್ಚಾಗಿ ಅಲ್ಲಿಂದ. ಯಾರಾದರೂ ಒಂದೇ ಖಾಸಗಿ ಕಾಲೇಜಿನ ಹೆಸರನ್ನು ಪದೇ ಪದೇ ಹೇಳುತ್ತಿದ್ದರೆ, ಅಪ್ಪ ಅಮ್ಮ ಸಾಲಕ್ಕೆ ಸಹಿ ಹಾಕುವ ಮೊದಲು ನೀವೇ ಕೂತು ಡಾಡ್ (DAAD, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ) ಕೊಡುವ ಕೋರ್ಸ್ ಪಟ್ಟಿ ನೋಡಿ.

ಊರು ಬಿಡುವ ಮೊದಲು ಮಾಡಬೇಕಾದ ದೊಡ್ಡ ಕೆಲಸ ಎಪಿಎಸ್ ಸರ್ಟಿಫಿಕೇಟ್. ನಿಮ್ಮ ಅಂಕಪಟ್ಟಿಗಳು ಅಸಲಿಯೇ ಅಂತ ದೆಹಲಿಯ ಕಚೇರಿಯೊಂದು ಪರಿಶೀಲಿಸಿ ಕೊಡುವ ಪತ್ರ ಅದು. ಶುಲ್ಕ 18,000 ರೂಪಾಯಿ. 2022ರ ನವೆಂಬರ್‌ನಿಂದ, ಕೆಲವು ವಿನಾಯಿತಿ ಬಿಟ್ಟರೆ, ಇದಿಲ್ಲದೆ ವಿದ್ಯಾರ್ಥಿ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ಎಲ್ಲಕ್ಕಿಂತ ಮೊದಲು ಇದಕ್ಕೆ ಅರ್ಜಿ ಹಾಕಿ.

ಇಲ್ಲೇ ನಮ್ಮವರಿಗೆ ಒಂದು ತೊಡಕಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಬಿ.ಆರ್.' ಅಂತ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಸೇರಿರುತ್ತದೆ. ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಪೂರ್ತಿ ಖಾಲಿ. ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗ್. ನಮಗೆ ಇದು ಮಾಮೂಲಿ. ಜರ್ಮನ್ ಫಾರಂಗಳಿಗೆ ಮಾತ್ರ ಕುಟುಂಬದ ಹೆಸರು ಬೇಕೇ ಬೇಕು. ಒಂದೊಂದು ಕಾಗದದಲ್ಲಿ ಒಂದೊಂದು ಹೆಸರಿದ್ದರೆ ಬ್ಯಾಂಕು, ವಿಮೆ, ಪರ್ಮಿಟ್ ಎಲ್ಲ ಕಡೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಡ್ಮಿಷನ್‌ಗೆ ಅರ್ಜಿ ಹಾಕುವ ಮುಂಚೆಯೇ ಪಾಸ್‌ಪೋರ್ಟ್ ಸರಿ ಮಾಡಿಸಿಕೊಳ್ಳಿ. ಎರಡೂ ಹೆಸರು ಒಬ್ಬರದೇ ಅಂತ ಒಂದು ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಊರಲ್ಲಿದ್ದಾಗ ಅದು ಒಂದು ದಿನದ ಕೆಲಸ.

ವೀಸಾ ಅರ್ಜಿಯನ್ನು ಈಗ ಜರ್ಮನ್ ವಿದೇಶಾಂಗ ಇಲಾಖೆಯ ಪೋರ್ಟಲ್‌ನಲ್ಲಿ ಹಾಕಬಹುದು. ಕರ್ನಾಟಕದವರ ಅರ್ಜಿ ನೋಡುವುದು ಬೆಂಗಳೂರಿನ ಕಾನ್ಸುಲೇಟ್. ಶುಲ್ಕ 75 ಯೂರೋ. ಒಂದು ವಿಷಯ ಗಮನಿಸಿ. ಮೊದಲೆಲ್ಲ ವೀಸಾ ತಿರಸ್ಕಾರ ಆದರೆ ಕಾನ್ಸುಲೇಟ್‌ಗೇ ಮರುಪರಿಶೀಲನೆಗೆ ಪತ್ರ ಬರೆಯಬಹುದಿತ್ತು. 2025ರ ಜುಲೈಯಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಬರ್ಲಿನ್‌ನ ಕೋರ್ಟು. ಹಾಗಾಗಿ ಮೊದಲ ಸಲವೇ ಎಲ್ಲ ಕಾಗದ ಸರಿ ಇರಬೇಕು. 'ಈ ಕೋರ್ಸ್ ಯಾಕೆ' ಅನ್ನುವ ಪತ್ರವನ್ನು ಸ್ವಂತ ಮಾತಿನಲ್ಲಿ ಬರೆಯಿರಿ. ಏಜೆಂಟ್ ಕೊಟ್ಟ ನಕಲು ಬೇಡ.

ಹಣದ ವಿಷಯ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ಒಂದೇ ಸಲ ತೆಗೆಯಲಾಗದ ಖಾತೆಯಲ್ಲಿ, ಒಂದು ವರ್ಷದ ಖರ್ಚಿಗೆ 11,904 ಯೂರೋ ಇಡಬೇಕು. ಇದು 2024ರ ಸೆಪ್ಟೆಂಬರ್‌ನಿಂದ ಇರುವ ಲೆಕ್ಕ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಮನೆಯವರು 'ಅಷ್ಟು ಲಕ್ಷ ಹಾಕಿದ್ದೇವಲ್ಲ, ಸಾಕು' ಅಂದುಕೊಳ್ಳುತ್ತಾರೆ. ಸಾಕಾಗುವುದಿಲ್ಲ. ಬಂದ ತಿಂಗಳೇ ಮನೆಯ ಅಡ್ವಾನ್ಸ್ ಕೊಡಬೇಕು, ಬಾಡಿಗೆ ಕೊಡಬೇಕು, ಹಾಸಿಗೆ ಪಾತ್ರೆ ತಗೋಬೇಕು. ಬ್ಲಾಕ್ಡ್ ಅಕೌಂಟ್‌ನ ಮೊದಲ ಕಂತು ಬರುವುದಕ್ಕೆ ಇಲ್ಲಿನ ಬ್ಯಾಂಕ್ ಖಾತೆ ತೆರೆದಿರಬೇಕು. ಎರಡು ತಿಂಗಳ ಬಾಡಿಗೆ ಮತ್ತು ಅಡ್ವಾನ್ಸ್‌ನಷ್ಟು ದುಡ್ಡು ಫೊರೆಕ್ಸ್ ಕಾರ್ಡ್‌ನಲ್ಲಿ ಬೇರೆಯಾಗಿ ತನ್ನಿ. ಮ್ಯೂನಿಕ್‌ನಲ್ಲಿ ತಿಂಗಳ 992 ಯೂರೋ ಬಾಡಿಗೆಗೇ ಕರಗಿಹೋಗಬಹುದು. ಕೆಮ್ನಿಟ್ಸ್, ಮಾಗ್ಡೆಬುರ್ಗ್ ಥರದ ಊರುಗಳಲ್ಲಿ ಅದೇ ದುಡ್ಡಿನಲ್ಲಿ ಆರಾಮಾಗಿ ಇರಬಹುದು. ಊರು ಆರಿಸುವಾಗ ಯೂನಿವರ್ಸಿಟಿಯ ಹೆಸರಿನಷ್ಟೇ ಇದನ್ನೂ ನೋಡಿ.

ಈಗ ಮನೆ. ಅಡ್ಮಿಷನ್ ಪತ್ರ ಬಂದ ದಿನವೇ ಸ್ಟುಡೀರೆಂಡೆನ್‌ವೆರ್ಕ್ (ವಿದ್ಯಾರ್ಥಿಗಳ ಊಟ-ವಸತಿ ನೋಡಿಕೊಳ್ಳುವ ಸಂಸ್ಥೆ) ಹಾಸ್ಟೆಲ್‌ಗೆ ಅರ್ಜಿ ಹಾಕಿ. ವೀಸಾ ಬರಲಿ ಅಂತ ಕಾಯಬೇಡಿ, ಅಲ್ಲಿ ಸರದಿ ಉದ್ದ ಇರುತ್ತದೆ. ಹೊರಗೆ ಹುಡುಕುವವರಿಗೆ ಎರಡು ಪದ ಗೊತ್ತಿರಲಿ. ಕಾಲ್ಟ್‌ಮೀಟೆ ಅಂದರೆ ಬರೀ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಹೀಟರ್, ನೀರು, ಕಸದ ಖರ್ಚು ಸೇರಿಸಿದ್ದು. ಕರೆಂಟ್ ಹೆಚ್ಚಾಗಿ ಬೇರೆ. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಕಾನೂನೇ ಹಾಗಿದೆ. 'ನಾನೀಗ ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ' ಅನ್ನುವವರು ಮೋಸಗಾರರು. ಎಷ್ಟೇ ಚೆಂದದ ಫೋಟೋ ಕಳಿಸಲಿ, ಮನೆ ನೋಡದೆ ಒಂದು ಯೂರೋ ಕೂಡ ಹಾಕಬೇಡಿ. ನಮ್ಮ ಹುಡುಗ ಹುಡುಗಿಯರು ಹೀಗೆ ಮೊದಲ ತಿಂಗಳ ದುಡ್ಡು ಕಳೆದುಕೊಂಡು ಅಳುವುದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮನೆಗೆ ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಇಲ್ಲಿರುವ ನಮ್ಮವರು 'ಆನ್‌ಮೆಲ್ಡುಂಗ್ ಆಯ್ತಾ?' ಅಂತಲೇ ಕೇಳುವುದು. ಅದಕ್ಕೆ ಮನೆಯ ಮಾಲೀಕರು ಸಹಿ ಮಾಡಿದ ಒಂದು ಪತ್ರ ಬೇಕು. ಬಾಡಿಗೆ ಕರಾರು ಪತ್ರ ಅದರ ಬದಲಿಗೆ ನಡೆಯುವುದಿಲ್ಲ. ಕೋಣೆ ಒಪ್ಪಿಕೊಳ್ಳುವ ಮೊದಲೇ 'ಆನ್‌ಮೆಲ್ಡುಂಗ್‌ಗೆ ಪತ್ರ ಕೊಡುತ್ತೀರಾ?' ಅಂತ ಕೇಳಿ. ಇಲ್ಲ ಅಂದರೆ ಆ ಕೋಣೆ ಎಷ್ಟು ಅಗ್ಗವಾದರೂ ಬೇಡ. ನೋಂದಣಿ ಫಾರಂನಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಅಂತ ಬರೆದವರು ಸಂಬಳಕ್ಕೆ ಆದಾಯ ತೆರಿಗೆ ಕಟ್ಟಲು ಶುರು ಮಾಡಿದಾಗ ಚರ್ಚ್ ತೆರಿಗೆಯನ್ನೂ ಕಟ್ಟಬೇಕು. ಆದಾಯ ತೆರಿಗೆಯ ಮೇಲೆ ಬವೇರಿಯಾ, ಬಾಡೆನ್-ವುರ್ಟೆಂಬರ್ಗ್‌ನಲ್ಲಿ ನೂರಕ್ಕೆ 8, ಉಳಿದ ಕಡೆ 9. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮಕ್ಕಳಿಗೆ ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಕಟ್ಟುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು, ಆದರೆ ಗೊತ್ತಿದ್ದು ಬರೆಯಬೇಕು.

ಆರೋಗ್ಯ ವಿಮೆ ಇಲ್ಲದೆ ಯೂನಿವರ್ಸಿಟಿ ಸೇರಿಸಿಕೊಳ್ಳುವುದಿಲ್ಲ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಮೆಯಲ್ಲಿ ಕಡಿಮೆ ದರ ಇದೆ, ತಿಂಗಳಿಗೆ ಸುಮಾರು 140ರಿಂದ 150 ಯೂರೋ. ಖಾಸಗಿ ವಿಮೆ ಅರ್ಧ ಬೆಲೆಗೆ ಕಾಣಿಸಬಹುದು. ಆದರೆ ಶುರುವಿನಲ್ಲಿ ಸರ್ಕಾರಿ ವಿಮೆ ಬೇಡ ಅಂತ ಬರೆದುಕೊಟ್ಟರೆ ಓದು ಮುಗಿಯುವ ತನಕ ಅದೇ ಗತಿ. ಆಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಚಿಕ್ಕ ವಯಸ್ಸಿನವರು ಕಣ್ಣು ಮುಚ್ಚಿ ಸರ್ಕಾರಿ ವಿಮೆಯನ್ನೇ ತಗೊಳ್ಳಿ. 30 ದಾಟಿ ಬರುವವರು ಮಾತ್ರ ಹೊರಡುವ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ನೀವು ಬಂದಿರುವ ವೀಸಾ ಒಳಗೆ ಬರುವುದಕ್ಕೆ. ಇರುವುದಕ್ಕೆ ಬೇಕಾದ ಪರ್ಮಿಟ್ ಕೊಡುವುದು ವಿದೇಶಿಯರ ಕಚೇರಿ, ಔಸ್‌ಲೆಂಡರ್‌ಬೆಹೋರ್ಡೆ. ವೀಸಾ ಮುಗಿಯುವ ಮೊದಲೇ ಅಲ್ಲಿ ಅರ್ಜಿ ಹಾಕಿರಬೇಕು. ಅಪಾಯಿಂಟ್‌ಮೆಂಟ್ ಸಿಗುವುದು ತಡ ಆಗಬಹುದು, ಅದಕ್ಕೆ ನೀವು ಹೊಣೆಯಲ್ಲ. ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿದ್ದೀರಿ ಅನ್ನುವುದಕ್ಕೆ ಮಾತ್ರ ದಾಖಲೆ ಇರಲಿ. ನಡುವಿನ ಅವಧಿಗೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಅನ್ನುವ ಒಂದು ಕಾಗದ ಕೊಡುತ್ತಾರೆ. ಅದರಲ್ಲೂ ಬಗೆಗಳಿವೆ. ಕೆಲವಲ್ಲಿ ಊರಿಗೆ ಹೋಗಿ ವಾಪಸ್ ಬರಬಹುದು, ಕೆಲವಲ್ಲಿ ಆಗುವುದಿಲ್ಲ. ಅಕ್ಕನ ಮದುವೆ ಅಂತ ಟಿಕೆಟ್ ಬುಕ್ ಮಾಡುವ ಮುಂಚೆ ಆ ಕಾಗದದಲ್ಲಿ ಯಾವ ಪೆಟ್ಟಿಗೆಗೆ ಗುರುತು ಹಾಕಿದ್ದಾರೆ ಅಂತ ಕಚೇರಿಯಲ್ಲೇ ಕೇಳಿ. ಕೋರ್ಸ್ ಬದಲಾಯಿಸುವ ಯೋಚನೆ ಇದ್ದರೂ ಮೊದಲು ಅಲ್ಲಿ ಮಾತಾಡಿ.

ಕೆಲಸದ ಲೆಕ್ಕ 2024ರ ಮಾರ್ಚ್‌ನಿಂದ ಸ್ವಲ್ಪ ಸಡಿಲ ಆಗಿದೆ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಕ್ಲಾಸ್ ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ ದಾಟಬೇಡಿ, ದಾಟಿದರೆ ವಿಮೆಯಲ್ಲಿ ವಿದ್ಯಾರ್ಥಿ ಅನ್ನುವ ಸ್ಥಾನವೇ ಹೋಗಬಹುದು. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಅದಕ್ಕಿಂತ ಕಡಿಮೆ ಕೊಟ್ಟು, ಲೆಕ್ಕಕ್ಕೆ ಸೇರಿಸದೆ ಕೈಗೆ ದುಡ್ಡು ಕೊಡುತ್ತೇನೆ ಅನ್ನುವ ಹೋಟೆಲುಗಳಿವೆ. ನಮ್ಮ ದೇಶದವರೇ ಅಂತ ನಂಬಿ ಹೋಗಬೇಡಿ. ಸಿಕ್ಕಿಬಿದ್ದರೆ ಪರ್ಮಿಟ್ ಹೋಗುವುದು ನಿಮ್ಮದು.

ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾಗಿರುವುದು ಪರೀಕ್ಷೆಯ ಬಗ್ಗೆ. ನಮ್ಮಲ್ಲಿ ಬ್ಯಾಕ್‌ಲಾಗ್ ಅಂದರೆ ಮುಂದಿನ ಸಲ ಬರೆದರಾಯಿತು, ಅಲ್ವಾ? ವಿಟಿಯುನಲ್ಲಿ ಓದಿದವರಿಗೆ ಅದು ಚೆನ್ನಾಗಿ ಗೊತ್ತು. ಇಲ್ಲಿ ಹಾಗಿಲ್ಲ. ಬಹಳಷ್ಟು ಕಡೆ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೇ ಸಲವೂ ಹೋದರೆ ಯೂನಿವರ್ಸಿಟಿಯಿಂದ ಹೆಸರು ತೆಗೆಯುತ್ತಾರೆ. ಅದೇ ಕೋರ್ಸನ್ನು ಜರ್ಮನಿಯ ಬೇರೆ ಯೂನಿವರ್ಸಿಟಿಯಲ್ಲೂ ಓದುವ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಪರ್ಮಿಟ್ ನಿಂತಿರುವುದು ಓದಿನ ಮೇಲೆ, ಹಾಗಾಗಿ ಅದಕ್ಕೂ ಕುತ್ತು. ಪರೀಕ್ಷೆಗೆ ಪ್ರತ್ಯೇಕವಾಗಿ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ವರ್ಷವಿಡೀ ಕ್ಲಾಸಿಗೆ ಹೋಗಿದ್ದರೂ, ನೋಂದಣಿಯ ಕೊನೇ ದಿನ ತಪ್ಪಿದರೆ ಕೂರಲು ಬಿಡುವುದಿಲ್ಲ. ಹಾಜರಾತಿ ಕೇಳುವವರಿಲ್ಲ, ಇಂಟರ್ನಲ್ಸ್ ಇಲ್ಲದ ವಿಷಯಗಳೇ ಹೆಚ್ಚು. ಕೊನೆಯ ಒಂದೇ ಪರೀಕ್ಷೆಯ ಮೇಲೆ ಎಲ್ಲ ನಿಂತಿರುತ್ತದೆ. ಮೊದಲ ಸೆಮಿಸ್ಟರ್‌ನಲ್ಲೇ ಮೂವತ್ತು ಕ್ರೆಡಿಟ್ ಮುಗಿಸುವ ಹಟ ಬೇಡ. ತಯಾರಿ ಇಲ್ಲ ಅನ್ನಿಸಿದರೆ ಗಡುವಿನೊಳಗೆ ಹೆಸರು ವಾಪಸ್ ತೆಗೆಯಿರಿ, ಸುಮ್ನೆ ಬರೆದು ಒಂದು ಅವಕಾಶ ಕಳೆದುಕೊಳ್ಳಬೇಡಿ.

ಅಂಕಗಳೂ ಉಲ್ಟಾ. 1.0 ಎಲ್ಲಕ್ಕಿಂತ ಮೇಲು, 4.0 ಪಾಸ್, 5.0 ಫೇಲ್. ನಮ್ಮ ಅಂಕವನ್ನು ಜರ್ಮನ್ ಲೆಕ್ಕಕ್ಕೆ ತರುವುದು ಹೀಗೆ. ನಿಮ್ಮ ಸಿಜಿಪಿಎ ಹತ್ತಕ್ಕೆ 8 ಇದ್ದು, ಪಾಸ್ ಆಗಲು ಕನಿಷ್ಠ 4 ಬೇಕಿತ್ತು ಅಂದುಕೊಳ್ಳಿ. ಹತ್ತರಿಂದ ಎಂಟು ಕಳೆದರೆ ಎರಡು, ಹತ್ತರಿಂದ ನಾಲ್ಕು ಕಳೆದರೆ ಆರು. ಎರಡನ್ನು ಆರರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿದರೆ 2.0. ಅಡ್ಮಿಷನ್‌ನಲ್ಲಿ '2.5ಕ್ಕಿಂತ ಚೆನ್ನಾಗಿರಬೇಕು' ಅಂತ ಬರೆದಿದ್ದರೆ ಈ ಲೆಕ್ಕವನ್ನೇ ಹಾಕಿ ನೋಡಿ.

ಮನೆಗೆ ಬರುವ ಕಾಗದಗಳಲ್ಲಿ ರೇಡಿಯೋ-ಟಿವಿ ಶುಲ್ಕದ್ದೂ ಒಂದು. ಟಿವಿ ಇಲ್ಲದಿದ್ದರೂ ಕಟ್ಟಬೇಕು, ತಿಂಗಳಿಗೆ 18.36 ಯೂರೋ, ತಲೆಗಲ್ಲ, ಮನೆಗೆ. ನಾಲ್ಕು ಜನ ಸೇರಿ ಇದ್ದರೆ ಒಬ್ಬರು ಕಟ್ಟಿ ಹಂಚಿಕೊಳ್ಳಿ. ಜಾಹೀರಾತು ಅಂತ ಎಸೆದರೆ ಬಾಕಿ ಬೆಳೆಯುತ್ತಾ ಹೋಗುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಹಾಲು ತರಕಾರಿ ತಂದಿಡಿ. ರಾಗಿ ಹಿಟ್ಟು, ಸೋನಾ ಮಸೂರಿ ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಸೂಟ್‌ಕೇಸಿನ ಆ ಜಾಗಕ್ಕೆ ಒಂದು ಒಳ್ಳೆಯ ಚಳಿ ಕೋಟು ಹಾಕಿ.

ಓದು ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳ ಪರ್ಮಿಟ್ ಸಿಗುತ್ತದೆ. ಇಂಗ್ಲಿಷ್ ಕೋರ್ಸ್ ಓದಿ ಬಂದವರು ಹೆಚ್ಚಾಗಿ ಒದ್ದಾಡುವುದು ಆ 18 ತಿಂಗಳಲ್ಲೇ, ಜರ್ಮನ್ ಬರದೆ. ಕಂಪನಿ ಸಂದರ್ಶನದಲ್ಲಿ ಭಾಷೆ ಕೇಳುತ್ತದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ನಿಮ್ಮ ಊರಿನಲ್ಲೇ ಯಾರ ಹತ್ತಿರವೋ, ಜರ್ಮನ್ ಭಾಷೆಯ ಎರಡನೇ ಹಂತವಾದ ಎ2 ಆದರೂ ಮುಗಿಸಿ ವಿಮಾನ ಹತ್ತಿ. ಬಂದ ಮೇಲೆ ಯೂನಿವರ್ಸಿಟಿಯ ಸಂಜೆ ಕ್ಲಾಸಿಗೆ ಮೊದಲ ಸೆಮಿಸ್ಟರ್‌ನಿಂದಲೇ ಸೇರಿಕೊಳ್ಳಿ. ಬೇಕರಿಯಲ್ಲಿ ಬ್ರೆಡ್ ಕೇಳುವಾಗ ಅವರು ಇಂಗ್ಲಿಷ್‌ಗೆ ತಿರುಗಿದರೂ ನೀವು ಜರ್ಮನ್‌ನಲ್ಲೇ ಮುಂದುವರಿಸಿ.