ಪಾಪುಗೆ ಊಟ ಶುರು ಮಾಡ್ತಿದೀರಾ? ನೀರು ನೀರಾಗಿ ಕೊಡ್ಬೇಡಿ

ಮಗುಗೆ ಊಟ ಶುರು ಮಾಡೋ ಟೈಮ್ ಬಂತು ಅಂದ್ರೆ ಮನೇಲಿ ಒಂದೇ ಚರ್ಚೆ, ಮೊದ್ಲು ಬಾಳೆಹಣ್ಣು ಕೊಡೋದಾ, ಕ್ಯಾರೆಟ್ಟಾ, ಗಂಜಿನಾ ಅಂತ. ಇದ್ರಲ್ಲಿ ಯಾವ್ದು ಮೊದ್ಲು ಕೊಟ್ರೂ ನಡಿಯತ್ತೆ. ನಾನು ನೋಡಿರೋ ಮಟ್ಟಿಗೆ ಜನ ಎಡವೋದು ಊಟ ಎಷ್ಟು ಗಟ್ಟಿ ಇರ್ಬೇಕು ಅನ್ನೋದ್ರಲ್ಲಿ. ಗಂಟ್ಲಿಗೆ ಸಿಕ್ಕಿಹಾಕ್ಕೊಂಡ್ರೆ ಏನ್ ಗತಿ ಅನ್ನೋ ಭಯಕ್ಕೆ ಎಲ್ಲಾನೂ ಮಿಕ್ಸಿಗೆ ಹಾಕಿ, ಸೋಸಿ, ಮೇಲೆ ನೀರು ಬೆರೆಸಿ ಕುಡಿಸ್ತಾರೆ, ಹತ್ತು ತಿಂಗಳಾದ್ರೂ ಅದೇ ನಡೀತಿರತ್ತೆ, ಆಮೇಲೆ ಒಂದು ವರ್ಷಕ್ಕೆ ಮಗು ಅಗಿಯೋದೇ ಇಲ್ಲ, ತೂಕ ಏರ್ತಿಲ್ಲ ಅಂತ ಡಾಕ್ಟರ್ ಹತ್ರ ಹೋಗ್ತಾರೆ. ಅದಕ್ಕೇ ಇಲ್ಲಿ ಉಳಿದ ಹಂತಗಳನ್ನ ಬೇಗ ಮುಗಿಸಿ, ಆ ಒಂದು ಹಂತ ಮಾತ್ರ ಉದ್ದಕ್ಕೆ ಬರೀತೀನಿ.

ಹಂತ 1: ಟೈಮ್ ಆಗಿದ್ಯಾ ನೋಡಿ

ಆರು ತಿಂಗಳು ತುಂಬಿದಾಗ ಶುರು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ನಾಲ್ಕು ತಿಂಗಳಿಗಿಂತ ಮುಂಚೆ ಅಂತೂ ಬೇಡವೇ ಬೇಡ. ಕ್ಯಾಲೆಂಡರ್ ಜೊತೆಗೆ ಮಗೂನೂ ನೋಡಿ: ಆಸರೆ ಕೊಟ್ಟು ಕೂರಿಸಿದ್ರೆ ತಲೆ ಗಟ್ಟಿಯಾಗಿ ನಿಲ್ಬೇಕು, ಕೈಗೆ ಸಿಕ್ಕಿದ್ದನ್ನ ನೋಡಿ ಹಿಡಿದು ಬಾಯಿಗೆ ಇಟ್ಕೋಬೇಕು, ಸ್ಪೂನಲ್ಲಿ ಕೊಟ್ಟಿದ್ದನ್ನ ನಾಲಿಗೆಯಿಂದ ಹೊರಗೆ ತಳ್ಳದೆ ನುಂಗೋಕೆ ಬರ್ಬೇಕು. ಪ್ರತಿ ಸಲಾನೂ ಹೊರಗೆ ತಳ್ತಿದ್ರೆ ಒಂದು ವಾರ ಬಿಟ್ಟು ನೋಡಿ. ರಾತ್ರಿ ಎದ್ದೇಳತ್ತೆ, ಮುಷ್ಟಿ ಚೀಪತ್ತೆ, ನಾವು ತಿನ್ನೋವಾಗ ನೋಡತ್ತೆ ಅನ್ನೋದೆಲ್ಲ ಲೆಕ್ಕಕ್ಕಿಲ್ಲ, ಅದನ್ನ ಮೂರು ತಿಂಗಳ ಮಕ್ಕಳೂ ಮಾಡ್ತವೆ. ಹಲ್ಲು ಬರ್ಲಿ ಅಂತ ಕಾಯೋದೂ ಬೇಡ, ವಸಡಲ್ಲೇ ಚೆನ್ನಾಗಿ ಅರೀತವೆ, ಅನುಮಾನ ಇದ್ರೆ ನಿಮ್ಮ ಬೆರಳು ಕೊಟ್ಟು ನೋಡಿ. ಅವಧಿಗೆ ಮುಂಚೆ ಹುಟ್ಟಿದ ಮಗು ಆದ್ರೆ ಮಾತ್ರ ಡಾಕ್ಟರ್ ಹತ್ರ ಕೇಳಿಯೇ ಶುರು ಮಾಡಿ.

ಹಂತ 2: ಸಾಮಾನು

ಒಂದು ಚಿಕ್ಕ ಮೆತ್ತಗಿನ ಸ್ಪೂನ್, ಒಂದು ಬಟ್ಟಲು, ಒಂದು ಫೋರ್ಕ್, ನೆಟ್ಟಗೆ ಕೂರೋಕೆ ಜಾಗ. ಅಷ್ಟೇ ಸಾಕು. ಮಗು ಊಟದ ಮಷಿನ್ ಅಂತ ಮಾರ್ತಾರಲ್ಲ, ಬೇಯ್ಸಿ ರುಬ್ಬಿ ಎಲ್ಲಾ ಮಾಡತ್ತೆ ಅಂತ, ದುಡ್ಡು ದಂಡ, ಅದು ಇದ್ರೆ ರುಬ್ಬೋ ಚಟ ಇನ್ನೂ ಜಾಸ್ತಿ ಆಗತ್ತೆ. ಬಲೆ ಥರದ ಚೀಲದಲ್ಲಿ ಹಣ್ಣು ಹಾಕಿ ಚೀಪಿಸೋದು, ಹಿಂಡಿ ಹೀರೋ ಪೌಚು, ಇವೂ ನಂಗೆ ಇಷ್ಟ ಇಲ್ಲ, ಎರಡರಲ್ಲೂ ಮಗು ಕಲಿಯೋದು ಚೀಪೋದನ್ನೇ, ಅದು ಹುಟ್ಟಿದಾಗಿಂದ ಬರತ್ತಲ್ಲ. ಪ್ರಯಾಣದಲ್ಲಿ ಪೌಚ್ ಬೇಕೇ ಆದ್ರೆ ಬಟ್ಟಲಿಗೆ ಹಿಂಡಿ ಸ್ಪೂನಲ್ಲಿ ಕೊಡಿ. ಹಾಲಿನ ಬಾಟಲಿಗೆ ಹಿಟ್ಟು ಕಲಸಿ ಕುಡಿಸೋ ಶಾರ್ಟ್‌ಕಟ್ ಒಂದಿದೆ, ರಾತ್ರಿ ಚೆನ್ನಾಗಿ ಮಲಗತ್ತೆ ಅಂತ ಮಾಡ್ತಾರೆ. ಅದು ಉಸಿರುಗಟ್ಟೋ ಅಪಾಯ, ದಯವಿಟ್ಟು ಬೇಡ.

ಹಂತ 3: ಮೊದಲ ಸ್ಪೂನ್

ಮಗು ತುಂಬಾ ಹಸಿದಿರ್ಬಾರ್ದು, ನಿದ್ದೆಗಣ್ಣಲ್ಲಿರ್ಬಾರ್ದು. ಸ್ವಲ್ಪ ಹಾಲು ಕುಡಿದು ಖುಷಿಯಾಗಿರೋ ಟೈಮ್ ನೋಡಿ, ಎದುರಿಗೆ ಕೂರಿಸಿ. ಮಲಗಿಸಿ, ಒರಗಿಸಿ ತಿನ್ನಿಸೋದು ಬೇಡ. ಸ್ಪೂನಿನ ತುದೀಲಿ ಸ್ವಲ್ಪ ತಗೊಂಡು ಕೆಳ ತುಟಿಗೆ ತಾಗಿಸಿ ಅಲ್ಲೇ ನಿಲ್ಸಿ, ಬಾಯಿ ತೆಗೆಯೋವರೆಗೂ ಕಾಯಿರಿ. ತೆಗೆದ್ಮೇಲೆ ನೇರವಾಗಿ ಒಳಗೆ ಇಟ್ಟು, ಮಗು ತುಟಿ ಮುಚ್ಚಿ ಎಳ್ಕೊಂಡ್ಮೇಲೆ ನೇರವಾಗಿ ಹೊರಗೆ. ಜನ ಏನ್ ಮಾಡ್ತಾರೆ ಅಂದ್ರೆ ಸ್ಪೂನನ್ನ ಮೇಲಿನ ವಸಡಿಗೆ ಉಜ್ಜಿ ಊಟ ಒಳಗೆ ಬೀಳಿಸ್ತಾರೆ, ಹಾಗೆ ಮಾಡಿದ್ರೆ ಮಗು ತುಟಿ ಬಳಸೋದನ್ನ ಕಲಿಯೋದೇ ಇಲ್ಲ. ಮೊದಲ ದಿನ ಒಂದೆರಡು ಸ್ಪೂನ್ ಒಳಗೆ ಹೋದ್ರೆ ಸಾಕು, ಮುಕ್ಕಾಲು ಪಾಲು ಗಲ್ಲದ ಮೇಲೇ ಇರತ್ತೆ. ಮುಖ ಕಿವುಚಿದ್ರೆ ಇಷ್ಟ ಇಲ್ಲ ಅಂತ ತಿಳ್ಕೋಬೇಡಿ, ಹೊಸ ರುಚಿಗೆ ಎಲ್ಲರೂ ಹಾಗೇ ಮಾಡ್ತಾರೆ.

ಹಂತ 4: ಗಟ್ಟಿತನ

ಈಗ ಅಸಲು ವಿಷಯ. ಮಗು ಹೊಟ್ಟೇಲಿ ಎಷ್ಟು ಜಾಗ ಇರತ್ತೆ ಗೊತ್ತಾ? ಒಂದು ಕೆಜಿ ತೂಕಕ್ಕೆ ಸುಮಾರು 30 ಎಂಎಲ್ ಅಂತ ಲೆಕ್ಕ, ಅಂದ್ರೆ 8 ಕೆಜಿ ಮಗುಗೆ 240 ಎಂಎಲ್, ಒಂದು ದೊಡ್ಡ ಲೋಟದಷ್ಟು. ಆ ಜಾಗಕ್ಕೆ ತಿಳಿ ಗಂಜಿ, ತರಕಾರಿ ಬೇಯಿಸಿದ ನೀರು, ಸೂಪು ಹುಯ್ದ್ರೆ ಹೊಟ್ಟೆ ತುಂಬತ್ತೆ, ಮಗು ತೃಪ್ತಿಯಾಗಿ ಮುಖ ತಿರುಗಿಸತ್ತೆ, ಆದ್ರೆ ಒಳಗೆ ಹೋಗಿದ್ದು ಬಹುಪಾಲು ನೀರು. ಅದರ ಬದಲು ಹಾಲೇ ಕುಡಿಸಿದ್ರೆ ಹೆಚ್ಚು ಶಕ್ತಿ ಸಿಗ್ತಿತ್ತು. 6ರಿಂದ 8 ತಿಂಗಳ ಮಗುಗೆ ಎದೆಹಾಲಿನ ಜೊತೆಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, 9ರಿಂದ 11 ತಿಂಗಳಿಗೆ 300. ನೀರು ಗಂಜೀಲಿ ಇದು ಆಗೋ ಮಾತಲ್ಲ.

ಸರಿ ಇದ್ಯಾ ಅಂತ ನೋಡೋದು ಸುಲಭ. ಸ್ಪೂನಲ್ಲಿ ತಗೊಂಡು ಓರೆ ಮಾಡಿ. ಸುರಿದ್ರೆ ತೆಳು. ಸ್ವಲ್ಪ ಹೊತ್ತು ಅಂಟ್ಕೊಂಡಿದ್ದು ಆಮೇಲೆ ಒಂದೇ ಮುದ್ದೆಯಾಗಿ ಜಾರಿದ್ರೆ ಸರಿ. ಅಲ್ಲಾಡದೇ ಅಂಟ್ಕೊಂಡ್ರೆ ಜಾಸ್ತಿ ಗಟ್ಟಿ, ಬಾಯಲ್ಲೂ ಹಾಗೇ ಅಂಟತ್ತೆ. ತೆಳು ಮಾಡ್ಲೇಬೇಕು ಅಂದ್ರೆ ನೀರಿನ ಬದಲು ಎದೆಹಾಲೋ ಮಗು ಕುಡಿಯೋ ಫಾರ್ಮುಲಾನೋ ಹಾಕಿ, ಮೇಲೆ ಒಂದು ಚಿಕ್ಕ ಸ್ಪೂನ್ ಬೆಣ್ಣೆ ಅಥವಾ ಎಣ್ಣೆ. ಜಿಡ್ಡು ಅಂತ ಹೆದರೋ ವಯಸ್ಸಲ್ಲ ಇದು.

ಮೊದಲ ಎರಡು ಮೂರು ವಾರ ನುಣ್ಣಗೆ ರುಬ್ಬಿ ಕೊಡಿ, ತಪ್ಪಿಲ್ಲ. ಆಮೇಲೆ ಮಿಕ್ಸಿನ ಎತ್ತಿ ಮೇಲಿಟ್ಬಿಡಿ. ನಿಜವಾಗ್ಲೂ ಎತ್ತಿಡಿ, ಕೈಗೆ ಸಿಕ್ಕಿದ್ರೆ ರುಬ್ಬೋಣ ಅನ್ಸತ್ತೆ. ಬೇಯಿಸಿದ ಆಲೂಗಡ್ಡೆ, ಕುಂಬಳಕಾಯಿ, ಬೇಳೆ, ಅನ್ನ, ಮೊಟ್ಟೆ ಎಲ್ಲಾನೂ ಫೋರ್ಕಲ್ಲಿ ಹಿಸುಕಿ, ಮೊದ್ಲು ಜಾಸ್ತಿ ಹಿಸುಕಿ, ವಾರ ಕಳೆದ ಹಾಗೆ ಸ್ವಲ್ಪ ಕಮ್ಮಿ. ಎಂಟು ತಿಂಗಳ ಹೊತ್ತಿಗೆ ಮೆತ್ತಗಿನ ಗಂಟುಗಳು ಬಾಯಿಗೆ ಸಿಗ್ತಿರ್ಬೇಕು. ಒಂಬತ್ತು ಹತ್ತು ತಿಂಗಳು ದಾಟಿದ್ರೂ ಗಂಟೇ ಕಾಣದ ಮಕ್ಕಳು ಮುಂದೆ ಊಟಕ್ಕೆ ತಕರಾರು ಮಾಡೋದು ಜಾಸ್ತಿ. ಒಂದು ವರ್ಷಕ್ಕೆ ಮನೆಯವರ ಊಟಾನೇ ಸಣ್ಣಗೆ ತುಂಡು ಮಾಡಿ ಕೊಡೋ ಹಾಗಿರ್ಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನ ಯಾರೂ ಹೇಳೋದಿಲ್ಲ. ಗಂಟು ಶುರು ಮಾಡೋರು ತೆಳ್ಳಗಿನ ಸೂಪಲ್ಲಿ ಎರಡು ತುಂಡು ತರಕಾರಿ ತೇಲಿಬಿಟ್ಟು ಕೊಡ್ತಾರೆ, ಮಗು ಓಕರಿಸತ್ತೆ, ನೋಡಿ ನಮ್ ಮಗುಗೆ ಗಂಟು ಆಗಲ್ಲ ಅಂತ ಮತ್ತೆ ಮಿಕ್ಸಿಗೆ ವಾಪಸ್. ನೀರು ಮತ್ತು ತುಂಡು ಒಟ್ಟಿಗೆ ಇರೋದು ಮಗುಗೆ ಎಲ್ಲಕ್ಕಿಂತ ಕಷ್ಟ, ನೀರು ಅಂತ ನುಂಗೋಕೆ ಹೋದಾಗ ತುಂಡು ಎದುರಾಗತ್ತೆ. ಗಂಟು ಗಟ್ಟಿ ಊಟದ ಒಳಗೇ ಇರ್ಬೇಕು, ಎಲ್ಲಾ ಕಡೆ ಒಂದೇ ಥರ ಇರ್ಬೇಕು, ಮತ್ತೆ ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿದ್ರೆ ಸಲೀಸಾಗಿ ಅಪ್ಪಚ್ಚಿ ಆಗ್ಬೇಕು.

ಕೈಗೆ ಕೊಡೋ ತುಂಡುಗಳಿಗೂ ಇದೇ ಬೆರಳಿನ ಪರೀಕ್ಷೆ. ಆರೇಳು ತಿಂಗಳಲ್ಲಿ ಮುಷ್ಟೀಲಿ ಹಿಡಿಯೋಕೆ ಮಾತ್ರ ಬರತ್ತೆ, ಆದ್ರಿಂದ ಚೆನ್ನಾಗಿ ಬೆಂದ ಕ್ಯಾರೆಟ್, ಸಿಹಿಗೆಣಸು, ಹಣ್ಣಾದ ಬಾಳೆಹಣ್ಣನ್ನ ನಿಮ್ಮ ಬೆರಳಿನಷ್ಟು ಉದ್ದಕ್ಕೆ ಕತ್ತರಿಸಿ. ಒಂಬತ್ತು ತಿಂಗಳ ಆಸುಪಾಸಲ್ಲಿ ಬೆರಳ ತುದಿಯಿಂದ ಹೆಕ್ಕೋಕೆ ಕಲೀತವೆ, ಆಗ ಸಣ್ಣ ತುಂಡು. ಕೈಯಲ್ಲೇ ತಿನ್ನಿಸ್ಬೇಕಾ ಸ್ಪೂನಲ್ಲಾ ಅಂತ ಜಗಳ ಆಡೋರಿದಾರೆ, ಎರಡೂ ಮಾಡಿ, ಮಗುಗೇನೂ ಪಕ್ಷ ಇಲ್ಲ.

ಇನ್ನು ಓಕರಿಕೆ. ಎಲ್ಲಾ ಎಡವಟ್ಟಿನ ಮೂಲ ಇದೇ. ಚಿಕ್ಕ ಮಕ್ಕಳಿಗೆ ಓಕರಿಕೆ ಬರೋ ಜಾಗ ನಾಲಿಗೆ ಮೇಲೆ ನಮಗಿಂತ ತುಂಬಾ ಮುಂದಿರತ್ತೆ, ತಿಂಗಳು ಕಳೆದ ಹಾಗೆ ಹಿಂದಕ್ಕೆ ಹೋಗತ್ತೆ. ಅದಕ್ಕೇ ಸ್ವಲ್ಪ ದಪ್ಪ ಏನಾದ್ರೂ ಸಿಕ್ಕಿದ್ರೆ ಓಕ್ ಅಂತ ನಾಲಿಗೆ ಚಾಚತ್ತೆ, ಮುಖ ಕೆಂಪಾಗತ್ತೆ, ಕಣ್ಣಲ್ಲಿ ನೀರು, ಕೆಮ್ಮು, ತುಂಡು ಮುಂದೆ ಬರತ್ತೆ, ಎರಡು ನಿಮಿಷಕ್ಕೆ ನಗ್ತಾ ಇರತ್ತೆ. ಇದು ಮಗು ತನ್ನನ್ನ ತಾನೇ ಕಾಪಾಡ್ಕೊಳ್ಳೋ ರೀತಿ. ನೀವು ಕಿರುಚ್ಬೇಡಿ, ಬಾಯಿಗೆ ಬೆರಳು ಹಾಕ್ಬೇಡಿ, ಹಾಕಿದ್ರೆ ಒಳಗೆ ತಳ್ಳೋ ಚಾನ್ಸೇ ಜಾಸ್ತಿ. ನೆಟ್ಟಗೆ ಕೂತಿದ್ಯಾ ನೋಡಿ, ಸುಮ್ನೆ ಕಾಯಿರಿ.

ಉಸಿರುಗಟ್ಟೋದು ಬೇರೆ. ಅದ್ರಲ್ಲಿ ಸದ್ದೇ ಇರಲ್ಲ. ಕೆಮ್ಮೋಕೆ ಆಗಲ್ಲ, ಅಳೋಕೆ ಆಗಲ್ಲ, ತುಟಿ ನೀಲಿ ಆಗತ್ತೆ. ಆಗ ತಕ್ಷಣ ಮಗುನ ಮುಂಗೈ ಮೇಲೆ ಬೋರಲು ಹಾಕಿ, ತಲೆ ಎದೆಗಿಂತ ಕೆಳಗಿರ್ಲಿ, ದವಡೆಗೆ ಆಸರೆ ಕೊಡಿ, ಬೆನ್ನಿನ ಮಧ್ಯೆ ಭುಜದ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಹೊಡೀರಿ. ಹೋಗದಿದ್ರೆ ಅಂಗಾತ ತಿರುಗಿಸಿ ಎದೆ ಮೂಳೆ ಮೇಲೆ 5 ಸಲ ಒತ್ತಿ, ಮತ್ತೆ ಬೆನ್ನು, ಮತ್ತೆ ಎದೆ. ಇನ್ನೊಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡ್ತಿರ್ಲಿ, ಮಗುಗೆ ಪ್ರಜ್ಞೆ ತಪ್ಪಿದ್ರೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡೋದು) ಶುರು ಮಾಡ್ಬೇಕು. ಒಂದು ವರ್ಷದ ಒಳಗಿನ ಮಗುಗೆ ಹೊಟ್ಟೆ ಒತ್ತಬಾರ್ದು. ಇದನ್ನ ಓದಿ ಕಲಿಯೋದಕ್ಕಿಂತ ಪ್ರಥಮ ಚಿಕಿತ್ಸೆ ತರಗತೀಲಿ ಗೊಂಬೆ ಮೇಲೆ ಮಾಡಿ ಕಲೀರಿ, ಮಗುನ ನೋಡ್ಕೊಳ್ಳೋ ಅಜ್ಜಿ ತಾತಂಗೂ ಕಲಿಸಿ, ಆಗ ಗಂಟಿನ ಭಯ ಅರ್ಧ ಹೋಗತ್ತೆ.

ಇಡೀ ದ್ರಾಕ್ಷಿ, ಬೀಜಗಳು, ಪಾಪ್‌ಕಾರ್ನ್, ಹಸಿ ಕ್ಯಾರೆಟ್, ಹಸಿ ಸೇಬಿನ ತುಂಡು, ಗಟ್ಟಿ ಮಿಠಾಯಿ, ದುಂಡಗೆ ಕತ್ತರಿಸಿದ ಸಾಸೇಜ್ ಇಂಥವು ನಿಜವಾಗ್ಲೂ ಅಪಾಯ. ದ್ರಾಕ್ಷಿನ ಉದ್ದುದ್ದಕ್ಕೆ ನಾಲ್ಕು ಹೋಳು ಮಾಡಿ, ಸೇಬು ಬೇಯಿಸಿ ಇಲ್ಲಾ ತುರಿದು ಕೊಡಿ.

ಹಂತ 5: ಐರನ್

ಹೊಟ್ಟೇಲಿದ್ದಾಗ ತುಂಬ್ಕೊಂಡಿದ್ದ ಐರನ್ ಆರು ತಿಂಗಳ ಹೊತ್ತಿಗೆ ಖಾಲಿ ಆಗ್ತಾ ಬರತ್ತೆ, ಎದೆಹಾಲಲ್ಲಿ ಅದು ಕಮ್ಮಿ. ಆದ್ರಿಂದ ಹಣ್ಣು ತರಕಾರೀಲೇ ಎರಡು ತಿಂಗಳು ಕಳೀಬೇಡಿ. ಮಾಂಸ, ಮೀನು, ಮೊಟ್ಟೆ ಮೊದಲ ದಿನಗಳಿಂದಲೇ ಕೊಡ್ಬಹುದು, ಚೆನ್ನಾಗಿ ಬೇಯಿಸಿ. ತಿನ್ನದವರು ಬೇಳೆ ಕಾಳು, ಐರನ್ ಸೇರಿಸಿದ ಮಕ್ಕಳ ಹಿಟ್ಟು ಕೊಟ್ಟು, ಜೊತೆಗೆ ವಿಟಮಿನ್ ಸಿ ಇರೋ ಹಣ್ಣೋ ಟೊಮ್ಯಾಟೋನೋ ಕೊಡಿ, ಐರನ್ ಚೆನ್ನಾಗಿ ಹಿಡಿಯತ್ತೆ. ಐರನ್ ಡ್ರಾಪ್ಸ್ ಬೇಕಾ ಅಂತ ಡಾಕ್ಟರ್ ಹೇಳ್ತಾರೆ. ಪ್ಯಾಕೆಟ್ ಹಿಟ್ಟು ತಗೊಳ್ಳೋವಾಗ ಹಿಂದೆ ತಿರುಗಿಸಿ ಓದಿ, ಸಕ್ಕರೆ ಮೊದಲ ಸಾಲಲ್ಲಿದ್ರೆ ಅಲ್ಲೇ ವಾಪಸ್ ಇಡಿ. ದಿನಾ ಮೂರು ಹೊತ್ತೂ ಅಕ್ಕಿ ಹಿಟ್ಟು ಒಂದೇ ಬೇಡ, ಅಕ್ಕೀಲಿ ಆರ್ಸೆನಿಕ್ ಅನ್ನೋ ವಿಷದ ಅಂಶ ಬೇರೆ ಧಾನ್ಯಕ್ಕಿಂತ ಜಾಸ್ತಿ ಇರತ್ತೆ, ಬದಲಾಯಿಸ್ತಾ ಕೊಡಿ.

ಹಂತ 6: ಅಲರ್ಜಿ ಊಟಗಳು

ಮೊಟ್ಟೆ, ಕಡಲೆಕಾಯಿ ಬೀಜ ಎಲ್ಲ ಲೇಟಾಗಿ ಕೊಡಿ ಅನ್ನೋದು ಹಳೇ ಸಲಹೆ, ಈಗ ಉಲ್ಟಾ ಆಗಿದೆ. 2015ರಲ್ಲಿ ಬಂದ ಲೀಪ್ ಅನ್ನೋ ಅಧ್ಯಯನದಲ್ಲಿ ಅಲರ್ಜಿ ಸಾಧ್ಯತೆ ಹೆಚ್ಚಿದ್ದ 640 ಮಕ್ಕಳನ್ನ ನೋಡಿದ್ರು, ಬೇಗ ಕಡಲೆಕಾಯಿ ತಿಂದವರಲ್ಲಿ ಐದು ವರ್ಷದ ಹೊತ್ತಿಗೆ ಆ ಅಲರ್ಜಿ ಸುಮಾರು ಶೇ 80ರಷ್ಟು ಕಮ್ಮಿ ಇತ್ತು. ಬೀಜಾನೇ ಕೊಡ್ಬೇಡಿ ಮತ್ತೆ, ನುಣ್ಣಗಿನ ಪೀನಟ್ ಬಟರ್‌ನ ಊಟಕ್ಕೆ ಕಲಸಿ, ಸ್ಪೂನಲ್ಲಿ ಹಾಗೇ ಕೊಟ್ರೆ ಅಂಟ್ಕೊಳತ್ತೆ. ಇಂಥದ್ದನ್ನ ಒಂದು ಸಲಕ್ಕೆ ಒಂದೇ, ಬೆಳಗ್ಗೆ ಹೊತ್ತು, ಚೂರೇ ಚೂರು. ಮೈಮೇಲೆ ದದ್ದು, ತುಟಿ ಊತ, ವಾಂತಿ ಬಂದ್ರೆ ನಿಲ್ಸಿ ಡಾಕ್ಟರ್‌ಗೆ ಹೇಳಿ, ಉಸಿರಾಟಕ್ಕೆ ತೊಂದ್ರೆ ಆದ್ರೆ ತಕ್ಷಣ ಆಸ್ಪತ್ರೆ. ಇಂಥದ್ದೇನೂ ಆಗದಿದ್ರೆ ವಾರಕ್ಕೆ ಒಂದೆರಡು ಸಲ ಕೊಡ್ತಾ ಇರಿ, ಒಂದು ಸಲ ಕೊಟ್ಟು ಮರೆತ್ರೆ ಉಪಯೋಗ ಇಲ್ಲ. ಜೋರಾಗಿ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸೋ ತೊಂದ್ರೆ) ಇರೋ ಮಗು ಆದ್ರೆ ಮೊದ್ಲೇ ಡಾಕ್ಟರ್ ಹತ್ರ ಮಾತಾಡಿ.

ಹಂತ 7: ಇವು ಬೇಡ

ಜೇನುತುಪ್ಪ ಒಂದು ವರ್ಷದ ತನಕ ಬೇಡ, ನಾಲಿಗೆಗೆ ಸವರೋದೂ ಬೇಡ. ಅದ್ರಲ್ಲಿ ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ತರೋ ಬ್ಯಾಕ್ಟೀರಿಯಾದ ಬೀಜಾಣು ಇರ್ಬಹುದು, ಮನೇಲಿ ಕಾಯಿಸಿದ್ರೂ ಅವು ಸಾಯಲ್ಲ. ಉಪ್ಪು, ಸಕ್ಕರೆ, ಜ್ಯೂಸ್ ಬೇಡ. ಮನೆಯವರ ಅಡುಗೇಲಿ ಉಪ್ಪು ಹಾಕೋ ಮುಂಚೆ ಮಗು ಪಾಲು ತೆಗೆದಿಡಿ. "ಉಪ್ಪಿಲ್ದೆ ಹೇಗ್ ತಿನ್ನತ್ತೆ ಪಾಪ" ಅಂತ ಮನೆಯವರು ಅಂತಾರೆ, ಉಪ್ಪಿನ ರುಚೀನೇ ಕಾಣದ ಮಗುಗೆ ಅದಿಲ್ಲ ಅಂತ ಗೊತ್ತಾಗೋದಾದ್ರೂ ಹೇಗೆ. ನೀರು ಊಟದ ಜೊತೆ ಲೋಟದಲ್ಲಿ ಒಂದೆರಡು ಗುಟುಕು ಸಾಕು.

ಹಂತ 8: ಎಷ್ಟು, ಎಷ್ಟು ಸಲ

ಎರಡು ಮೂರು ಸ್ಪೂನಿಂದ ಶುರು ಮಾಡಿ ಅರ್ಧ ಬಟ್ಟಲಿಗೆ ಏರಿಸಿ. ಎಂಟು ತಿಂಗಳ ತನಕ ದಿನಕ್ಕೆ 2–3 ಸಲ, ಆಮೇಲೆ 3–4 ಸಲ. ಹಾಲು ನಿಲ್ಲಿಸ್ಬೇಡಿ. ಮುಖ ತಿರುಗಿಸಿದ್ರೆ, ಬಾಯಿ ಬಿಗಿ ಹಿಡಿದ್ರೆ ಊಟ ಮುಗೀತು, ಮೂಗು ಹಿಡಿದು, ಮೊಬೈಲ್ ತೋರಿಸಿ ಇನ್ನೊಂದು ತುತ್ತು ತುರುಕೋದು ಬೇಡ. ಒಂದು ತರಕಾರಿ ಬೇಡ ಅಂದ್ರೆ ಎರಡು ದಿನ ಬಿಟ್ಟು ಮತ್ತೆ ಕೊಡಿ, ಎಂಟು ಹತ್ತು ಸಲ ರುಚಿ ನೋಡಿದ್ಮೇಲೆ ಒಪ್ಪೋ ಮಕ್ಕಳೇ ಜಾಸ್ತಿ, ನಾವು ಮೂರನೇ ಸಲಕ್ಕೇ ಕೈಬಿಡ್ತೀವಿ.

ಹಂತ 9: ಉಳಿದಿದ್ದು, ಮತ್ತೆ ಡೈಪರ್

ಮಗು ಬಾಯಿಗೆ ಹೋದ ಸ್ಪೂನ್ ಅದ್ದಿದ ಊಟ ಎತ್ತಿಡ್ಬೇಡಿ, ಜೊಲ್ಲು ಸೇರಿದ್ದು ಬೇಗ ಕೆಡತ್ತೆ. ಅದಕ್ಕೇ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಾಕ್ಕೊಳ್ಳಿ. ಮುಟ್ಟದೇ ಇರೋದನ್ನ ಬೇಗ ಆರಿಸಿ ಫ್ರಿಡ್ಜಲ್ಲಿಟ್ಟು ಮಾರನೇ ದಿನದೊಳಗೆ ಮುಗಿಸಿ, ಐಸ್ ಟ್ರೇಲಿ ಫ್ರೀಜ್ ಮಾಡಿದ್ರೆ ಇನ್ನೂ ಅನುಕೂಲ.

ಊಟ ಶುರುವಾದ್ಮೇಲೆ ಕಕ್ಕ ಗಟ್ಟಿ ಆಗತ್ತೆ, ನಾರತ್ತೆ, ಬಟಾಣಿ ಸಿಪ್ಪೆ, ಕ್ಯಾರೆಟ್ ಚೂರು ಹಾಗೇ ಬರತ್ತೆ, ಅದೇನೂ ಅಜೀರ್ಣ ಅಲ್ಲ, ಅದನ್ನ ನೋಡಿ ಮತ್ತೆ ಮಿಕ್ಸಿ ಕೆಳಗಿಳಿಸ್ಬೇಡಿ. ಕಕ್ಕ ತುಂಬಾ ಗಟ್ಟಿಯಾಗಿ ಮಗು ತಿಣುಕಿದ್ರೆ ಪೇರ್ ಹಣ್ಣು (ಮರಸೇಬು), ಒಣದ್ರಾಕ್ಷಿ ನೆನೆಸಿ ಹಿಸುಕಿದ್ದು ಕೊಡಿ, ಬಾಳೆಹಣ್ಣು ಎರಡು ದಿನ ಕಮ್ಮಿ ಮಾಡಿ. ಬೀಟ್‌ರೂಟ್ ತಿಂದ ಮಾರನೇ ದಿನ ಡೈಪರ್ ಕೆಂಪಗಿರತ್ತೆ, ಗಾಬರಿ ಬೇಡ. ಬೀಟ್‌ರೂಟ್ ಕೊಡದೇ ಕೆಂಪಗಿದ್ರೆ ಮಾತ್ರ ಡಾಕ್ಟರ್‌ಗೆ ತೋರಿಸಿ.