ಲ್ಯಾಪ್‌ಟಾಪ್ ಸತ್ತ ಮೇಲೆ ಕ್ಯಾಮೆರಾ ಫೋಟೋ ಟ್ಯಾಬ್‌ಗೆ ತಂದ ಕಥೆ

ನಮ್ಮ ಮನೆ ಲ್ಯಾಪ್‌ಟಾಪ್ ಸತ್ತಿದ್ದು ಹೂಮಳೆ ಬಂದ ದಿನ. ಮಾರ್ಚ್ ತಿಂಗಳು, ಸಂಜೆ ನಾಲ್ಕು ಗಂಟೆ. ಶಾಂತಳ್ಳಿ ಕಡೆಯಿಂದ ಮೋಡ ಕಪ್ಪಾಗಿ ಬಂತು. ಕಾಫಿ ಬೆಳೆಯುವವರಿಗೆ ಆ ಮಳೆ ಅಂದರೆ ಹಬ್ಬ, ಗಿಡ ಹೂ ಬಿಡುವುದು ಅದರಿಂದಲೇ. ಮನೆಯವರೆಲ್ಲ ಜಗಲಿಗೆ ಬಂದು ಮಳೆ ನೋಡುತ್ತಾ ನಿಂತೆವು. ಒಳಗೆ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದು ಯಾರಿಗೂ ನೆನಪಿಲ್ಲ. ಹತ್ತಿರದಲ್ಲೇ ಸಿಡಿಲು ಬಡಿಯಿತು, ಕರೆಂಟ್ ಹೋಯಿತು, ಒಳಗಿಂದ ಸುಟ್ಟ ವಾಸನೆ ಬಂತು. ರಿಪೇರಿಗೆ ಒಯ್ದರೆ ಅಂಗಡಿ ಹುಡುಗ ಬಿಚ್ಚಿ ನೋಡಿ, ‘ಬೋರ್ಡೇ ಹೋಗಿದೆ ಅಕ್ಕ, ಸುಮ್ನೆ ದುಡ್ಡು ಹಾಕ್ಬೇಡಿ’ ಅಂದ.

ಫೋಟೋ ತೆಗೆಯುವುದು ನನಗೆ ಪೂರ್ತಿ ಕಸುಬಲ್ಲ. ಸೋಮವಾರಪೇಟೆ ಹತ್ತಿರ ನಾಲ್ಕು ಎಕರೆ ಅರೇಬಿಕಾ ತೋಟ ಇದೆ, ಹೊಟ್ಟೆಪಾಡು ಅದರಿಂದ. ನಡುವೆ ಊರಿನವರು ನಾಮಕರಣ, ಗೃಹಪ್ರವೇಶ ಅಂತ ಕರೆಯುತ್ತಾರೆ. ಎಂಟು ವರ್ಷ ಹಳೆಯದಾದ, 24 ಮೆಗಾಪಿಕ್ಸೆಲ್‌ನ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದಿದೆ. ಲ್ಯಾಪ್‌ಟಾಪ್ ಹೋದ ಮೇಲೆ ಮನೆಯಲ್ಲಿ ಉಳಿದಿದ್ದು ಮಗಳ ಆನ್‌ಲೈನ್ ಕ್ಲಾಸಿಗೆ ತಂದಿದ್ದ ಹತ್ತು ಇಂಚಿನ ಆಂಡ್ರಾಯ್ಡ್ ಟ್ಯಾಬ್ ಮಾತ್ರ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಇದ್ದು ಕಂದಿ ಹೋಗುತ್ತದೆ. ಅದೇ ವಾರ ಪಕ್ಕದ ಮನೆ ಮಗುವಿನ ನಾಮಕರಣ ಬೇರೆ. ಅಷ್ಟರೊಳಗೆ ಕ್ಯಾಮೆರಾದ ಫೋಟೋ ಟ್ಯಾಬ್‌ಗೆ ತರುವುದು ಹೇಗೆ ಅಂತ ಕಲಿಯಲೇಬೇಕಿತ್ತು.

ಮೊದಲು ವೈಫೈ ಹಿಡಿದೆ. ಕ್ಯಾಮೆರಾದಲ್ಲಿ ಆ ಸೌಲಭ್ಯ ಇದೆ ಅಂತ ಗೊತ್ತಿತ್ತು, ಎಂಟು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಅದನ್ನು ಆನ್ ಮಾಡಿದರೆ ಕ್ಯಾಮೆರಾ ತಾನೇ ಒಂದು ಹಾಟ್‌ಸ್ಪಾಟ್ ಆಗುತ್ತದೆ. ಟ್ಯಾಬ್ ಅದಕ್ಕೆ ಜೋಡಿಯಾಗಬೇಕು, ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕ ಫೋಟೋ ಬರಬೇಕು. ಆ್ಯಪ್ ಇಳಿಸಿಕೊಳ್ಳಲು ಕಣದ ಮೂಲೆಗೆ ಹೋಗಿ ನಿಂತೆ, ನಮ್ಮಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲಿ ಮಾತ್ರ. ಆ್ಯಪ್ ಲೊಕೇಶನ್ ಅನುಮತಿ ಕೇಳಿತು, ಕೊಟ್ಟೆ. ಜೋಡಿಯಾಯಿತು. ಅರ್ಧ ನಿಮಿಷಕ್ಕೆ ಕಳಚಿಕೊಂಡಿತು. ಮತ್ತೆ ಜೋಡಿಸಿದೆ, ಮತ್ತೆ ಕಳಚಿತು. ಆಮೇಲೆ ಅರ್ಥವಾಯಿತು. ಕ್ಯಾಮೆರಾದ ಹಾಟ್‌ಸ್ಪಾಟ್‌ನಲ್ಲಿ ಇಂಟರ್ನೆಟ್ ಇರುವುದಿಲ್ಲ ಅಲ್ವಾ? ಟ್ಯಾಬ್ ‘ಇದರಿಂದ ಉಪಯೋಗವಿಲ್ಲ’ ಅಂತ ತಾನೇ ತೀರ್ಮಾನಿಸಿ ಮೊಬೈಲ್ ಡೇಟಾಗೆ ಹಾರುತ್ತಿತ್ತು. ಡೇಟಾ ಆಫ್ ಮಾಡಿ, ‘ಇಂಟರ್ನೆಟ್ ಇಲ್ಲದಿದ್ದರೂ ಇದರಲ್ಲೇ ಇರು’ ಅನ್ನುವ ಅರ್ಥದ ಆಯ್ಕೆ ಒತ್ತಿದ ಮೇಲೆ ಸರಿಯಾಯಿತು.

ಫೋಟೋ ಬಂದವು, ಖುಷಿಯಾಯಿತು. ಮೊಗ್ಗಿನ ಮೇಲೆ ಕೂತ ಜೇನುನೊಣದ ಒಂದು ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿದೆ. ನೊಣದ ಮೀಸೆ ಇರಬೇಕಾದ ಕಡೆ ಬರೀ ಮಸುಕು. ಕ್ಯಾಮೆರಾದ ಪರದೆಯಲ್ಲಿ ಅದೇ ಚಿತ್ರ ಕೂದಲೆಳೆಯಷ್ಟು ಚೂಪಾಗಿತ್ತು. ಆ್ಯಪ್ ಬೇಗ ಬರಲಿ ಅಂತ ಫೋಟೋ ಕುಗ್ಗಿಸಿ ಕಳಿಸಿತ್ತು, ಸುಮಾರು 2 ಮೆಗಾಪಿಕ್ಸೆಲ್‌ಗೆ. ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್’ ಅಂತ ಬದಲಾಯಿಸಿದರೆ ಪೂರ್ತಿ ಗಾತ್ರದಲ್ಲಿ ಬರುತ್ತದೆ. ಆದರೆ ಒಂದೊಂದೂ 8 ಎಂಬಿ. ನಲವತ್ತು ಫೋಟೋ ಬರುವಷ್ಟರಲ್ಲಿ ಒಂದು ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದೆ, ಕ್ಯಾಮೆರಾ ಬ್ಯಾಟರಿ ಕಣ್ಣೆದುರೇ ಇಳಿದಿತ್ತು. ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಇಡುವ ಮೂಲ ಚಿತ್ರ, ನನ್ನ ಕ್ಯಾಮೆರಾದಲ್ಲಿ ವೈಫೈಯಲ್ಲಿ ಬರುವುದೇ ಇಲ್ಲ. ಸಮಾರಂಭದ ನಡುವೆ ನಾಲ್ಕು ಫೋಟೋ ಬೇಗ ಕಳಿಸು ಅಂದರೆ ಈಗಲೂ ವೈಫೈಯನ್ನೇ ಬಳಸುತ್ತೇನೆ. ಮುನ್ನೂರು ಫೋಟೋಗೆ ಅದು ಆಗುವ ಮಾತಲ್ಲ.

ಆಮೇಲೆ ಕೇಬಲ್. ಕ್ಯಾಮೆರಾದಲ್ಲಿ ಹಳೆಯ ಮಿನಿ ಯುಎಸ್‌ಬಿ ತೂತು, ಟ್ಯಾಬ್‌ನಲ್ಲಿ ಟೈಪ್ ಸಿ. ನಡುವೆ ಬೆರಳ ತುದಿಯಷ್ಟು ಓಟಿಜಿ ಅಡಾಪ್ಟರ್ ಬೇಕು, ಟ್ಯಾಬ್‌ಗೆ ಬೇರೆ ಸಾಧನ ಜೋಡಿಸಲು ಬಳಸುವುದು. ತಂದು ಜೋಡಿಸಿದರೆ ಟ್ಯಾಬ್‌ಗೆ ಕ್ಯಾಮೆರಾ ಕಾಣಿಸಲೇ ಇಲ್ಲ. ಅಡಾಪ್ಟರ್ ಕೆಟ್ಟಿದೆ ಅಂತ ಅಂಗಡಿಗೆ ಹೋಗಿ ಜಗಳ ಆಡುವುದೊಂದು ಬಾಕಿ. ತಪ್ಪು ನನ್ನದೇ. ನಾನು ತೆಗೆದುಕೊಂಡಿದ್ದು ಯಾವುದೋ ಸ್ಪೀಕರ್ ಜೊತೆ ಬಂದಿದ್ದ ಕೇಬಲ್. ಸಾಮಾನ್ಯ ಯುಎಸ್‌ಬಿ ಕೇಬಲ್ ಒಳಗೆ ನಾಲ್ಕು ತಂತಿ ಇರುತ್ತವೆ, ಎರಡು ಕರೆಂಟಿಗೆ, ಎರಡು ಡೇಟಾಗೆ. ಅಗ್ಗದ ಕೆಲವು ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ತಂತಿಗಳನ್ನೇ ಹಾಕಿರುವುದಿಲ್ಲ. ಕ್ಯಾಮೆರಾ ಡಬ್ಬಿಯ ತಳದಲ್ಲಿದ್ದ ಅದರದೇ ಕೇಬಲ್ ಹಾಕಿದೆ. ಆಗಲೂ ಇಲ್ಲ. ಕೆಲವು ಟ್ಯಾಬ್, ಫೋನ್‌ಗಳಲ್ಲಿ ಓಟಿಜಿಯನ್ನು ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನೇ ಆಫ್ ಆಗುತ್ತದೆ. ನಮ್ಮದು ಆ ಜಾತಿ. ಆನ್ ಮಾಡಿದ ಮೇಲೆ ಕ್ಯಾಮೆರಾ ಬಂತು. ಕ್ಯಾಮೆರಾವನ್ನು ಹೀಗೆ ನೇರ ಜೋಡಿಸುವ ದಾರಿ ಆಂಡ್ರಾಯ್ಡ್ 3.1ರಿಂದಲೇ, ಅಂದರೆ 2011ರಿಂದಲೇ ಇದೆ. ನನಗೆ ಗೊತ್ತಾಗಿದ್ದು ಈಗ.

ಕೇಬಲ್ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕ್ಯಾಮೆರಾ ಒಂದು ನಿಮಿಷಕ್ಕೆ ತಾನೇ ಮಲಗಿಬಿಡುತ್ತದೆ, ನಡುವೆ ಕಾಪಿ ನಿಲ್ಲುತ್ತದೆ. ಮೆನುವಿನಲ್ಲಿ ಆಟೋ ಪವರ್ ಆಫ್ ತೆಗೆದು ಹಾಕಬೇಕು. ಅದಕ್ಕಿಂತ ಹೆಚ್ಚು ನನಗೆ ಹೆದರಿಕೆ ಆ ಹಳೆಯ ತೂತಿನದು. ಕೇಬಲ್ ಎಳೆದಾಡಿ ಅದು ಸಡಿಲವಾದರೆ ಮೈಸೂರಿಗೆ ಹೋಗಬೇಕು.

ಕೊನೆಗೆ ಟೈಪ್ ಸಿ ಕಾರ್ಡ್ ರೀಡರ್ ತಂದೆ. ಕ್ಯಾಮೆರಾದಿಂದ 64 ಜಿಬಿ ಕಾರ್ಡ್ ತೆಗೆದು ಅದಕ್ಕೆ ತುರುಕಿ ಟ್ಯಾಬ್‌ಗೆ ಚುಚ್ಚಿದೆ. ಪರದೆ ಮೇಲೆ ಒಂದು ಸೂಚನೆ ಬಂತು. ಈ ಕಾರ್ಡ್ ಈ ಸಾಧನಕ್ಕೆ ಹೊಂದುವುದಿಲ್ಲ, ಸರಿಪಡಿಸಲು ಇಲ್ಲಿ ಒತ್ತಿ ಅಂತ. ಒತ್ತಿದೆ. ದೊಡ್ಡದಾಗಿ ಒಂದು ಬಟನ್ ಬಂತು, ‘ಫಾರ್ಮ್ಯಾಟ್’. ಬೆರಳು ಅದರ ಹತ್ತಿರ ಹೋಗಿತ್ತು. ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿ, ‘ಅಮ್ಮಾ, ಫಾರ್ಮ್ಯಾಟ್ ಅಂದ್ರೆ ಎಲ್ಲಾ ಅಳಿಸೋದು’ ಅಂದಳು. ಕೈ ಹಿಂದೆ ತೆಗೆದೆ. ಅಳಿಸುವುದಕ್ಕೆ ‘ಸರಿಪಡಿಸು’ ಅಂತ ಹೆಸರಿಟ್ಟವರು ಯಾರೋ ಏನೋ.

ಕಾರ್ಡ್ ಕೆಟ್ಟಿರಲಿಲ್ಲ. 4ರಿಂದ 32 ಜಿಬಿವರೆಗಿನ ಎಸ್‌ಡಿ ಕಾರ್ಡ್‌ಗಳು, ಅಂದರೆ ಮೇಲೆ ಎಸ್‌ಡಿಎಚ್‌ಸಿ ಅಂತ ಬರೆದಿರುವವು, ಫ್ಯಾಟ್32 ಅನ್ನುವ ಪದ್ಧತಿಯಲ್ಲಿ ಫೈಲ್ ಇಡುತ್ತವೆ. ಅದಕ್ಕಿಂತ ದೊಡ್ಡವು ಎಸ್‌ಡಿಎಕ್ಸ್‌ಸಿ, ಅವುಗಳ ಪದ್ಧತಿ ಎಕ್ಸ್‌ಫ್ಯಾಟ್. ಫ್ಯಾಟ್32 ಎಲ್ಲ ಟ್ಯಾಬ್‌ಗೂ ಓದಲು ಬರುತ್ತದೆ. ಎಕ್ಸ್‌ಫ್ಯಾಟ್ ಕೆಲವು ಆಂಡ್ರಾಯ್ಡ್ ಟ್ಯಾಬ್‌ಗೆ ಬರುತ್ತದೆ, ಕೆಲವಕ್ಕೆ ಇಲ್ಲ. ನಮ್ಮದಕ್ಕೆ ಬರಲಿಲ್ಲ. ಎರಡು 32 ಜಿಬಿ ಕಾರ್ಡ್ ತಂದೆ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿಕೊಂಡೆ, ಆ ತೊಂದರೆ ಅಲ್ಲಿಗೆ ಮುಗಿಯಿತು. ತಮ್ಮನ ಐಪ್ಯಾಡ್ ಮಾತ್ರ ಆ 64 ಜಿಬಿ ಕಾರ್ಡನ್ನು ತಕರಾರಿಲ್ಲದೆ ಓದಿತು.

ಹೂವಿನ ಫೋಟೋಗಳು ಚೆನ್ನಾಗಿ ಬಂದವು. ಕಾರ್ಡ್ ಒಳಗೆ ಡಿಸಿಐಎಂ ಅಂತ ಫೋಲ್ಡರ್, ಅದರೊಳಗೆ 100ರಿಂದ ಶುರುವಾಗುವ ಹೆಸರಿನ ಇನ್ನೊಂದು. ಒತ್ತಿ ಹಿಡಿ, ಎಲ್ಲ ಆರಿಸು, ಕಾಪಿ. 300 ಫೋಟೋ, ಎರಡೂವರೆ ಜಿಬಿಯಷ್ಟು, ಮೂರು ನಿಮಿಷದೊಳಗೆ ಟ್ಯಾಬ್‌ನಲ್ಲಿ. ನನಗೆ ಜಂಬ ಬಂತು.

ಆ ಜಂಬ ಇಳಿದಿದ್ದು ನಾಮಕರಣದ ರಾತ್ರಿ. 212 ಫೋಟೋ ತೆಗೆದಿದ್ದೆ. ಸುಸ್ತಾಗಿತ್ತು. ಕಾರ್ಡ್ ಖಾಲಿಯಾಗಲಿ, ನಾಳೆಗೆ ಬೇಕು ಅಂತ ‘ಕಾಪಿ’ ಬದಲು ‘ಮೂವ್’ ಒತ್ತಿದೆ. ಟ್ಯಾಬ್ ಚಾರ್ಜ್ 9 ತೋರಿಸುತ್ತಿತ್ತು. ಇರುವುದು ಒಂದೇ ತೂತು, ರೀಡರ್ ಹಾಕಿದರೆ ಚಾರ್ಜರ್ ಹಾಕಲು ಆಗುವುದಿಲ್ಲ. ಎರಡು ನಿಮಿಷ ತಾನೇ ಅಂದುಕೊಂಡೆ. ಬ್ಯಾಟರಿ ಹಳೆಯದು, 9 ಇದ್ದುದು ಒಮ್ಮೆಲೇ ಸೊನ್ನೆ. ಪರದೆ ಕಪ್ಪಾಯಿತು. ನಾಳೆ ನೋಡೋಣ ಅಂತ ಕಾರ್ಡ್ ಮತ್ತೆ ಕ್ಯಾಮೆರಾಗೆ ಹಾಕಿ ಮಲಗಿದೆ. ಬೆಳಿಗ್ಗೆ ಅತ್ತಿಮರದಲ್ಲಿ ಮಂಗಟ್ಟೆ ಹಕ್ಕಿ ಬಂದಿತ್ತು. ಅದೇ ಕಾರ್ಡಿನಲ್ಲಿ ಹನ್ನೆರಡು ಫೋಟೋ ಹೊಡೆದೆ. ಅದು ಎರಡನೇ ತಪ್ಪು.

ಟ್ಯಾಬ್ ಚಾರ್ಜ್ ಆದ ಮೇಲೆ ನೋಡಿದರೆ ಕೆಲವು ಫೋಟೋ ಸರಿ ಇವೆ, ಕೆಲವು ಮೇಲರ್ಧ ಚಿತ್ರ ಕೆಳಗರ್ಧ ಬೂದು ಬಣ್ಣ, ಕೆಲವು ತೆರೆಯುವುದೇ ಇಲ್ಲ. ಕಾರ್ಡಿನಲ್ಲೂ ಅವು ಇಲ್ಲ. ಮೂವ್ ಅಂದರೆ ಒಂದೊಂದೇ ಫೈಲ್ ಕಾಪಿ ಮಾಡಿ ಮೂಲವನ್ನು ಅಳಿಸುತ್ತಾ ಹೋಗುವುದು. ಬರೆದಾಯಿತು ಅಂತ ಟ್ಯಾಬ್ ಅಂದುಕೊಂಡ ಕೆಲವು ಫೈಲ್ ಇನ್ನೂ ಪೂರ್ತಿ ಬರೆದಾಗಿರಲಿಲ್ಲ. ಅಷ್ಟರಲ್ಲಿ ಮೂಲ ಅಳಿದಿತ್ತು.

ಕಾರ್ಡ್ ತೆಗೆದು ಕಾಗದದಲ್ಲಿ ಸುತ್ತಿ ಕುಶಾಲನಗರಕ್ಕೆ ಬಸ್ ಹತ್ತಿದೆ, ತಮ್ಮನ ಮನೆಗೆ. ಅಳಿಸಿದ ಫೋಟೋ ಕಾರ್ಡಿನಿಂದ ಕೂಡಲೇ ಹೋಗುವುದಿಲ್ಲ. ಆ ಜಾಗ ಖಾಲಿ ಅಂತ ಗುರುತು ಮಾತ್ರ ಬೀಳುತ್ತದೆ. ಅದರ ಮೇಲೆ ಹೊಸದು ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ. ತಮ್ಮ ಅವನ ಲ್ಯಾಪ್‌ಟಾಪ್‌ನಲ್ಲಿ ಫೋಟೋರೆಕ್ ಅನ್ನುವ ಉಚಿತ ಪ್ರೋಗ್ರಾಂ ಓಡಿಸಿದ. ನಾಮಕರಣದ ಫೋಟೋಗಳ ಜೊತೆ ನಾನು ಯಾವತ್ತೋ ಅಳಿಸಿದ್ದ ಫೋಟೋಗಳೂ ಎದ್ದು ಬಂದವು. ಹೆಸರು ಒಂದಕ್ಕೂ ಉಳಿದಿರಲಿಲ್ಲ, ಎಲ್ಲಕ್ಕೂ ಎಫ್ ಅಕ್ಷರ, ಮುಂದೆ ಉದ್ದನೆಯ ಸಂಖ್ಯೆ. ತೆಗೆದ ದಿನ, ಸಮಯ ಫೋಟೋ ಒಳಗೇ ಬರೆದಿರುತ್ತದೆ, ಅದರಿಂದ ಜೋಡಿಸೋಣ ಅಂದರೆ ನನ್ನ ಕ್ಯಾಮೆರಾ ಗಡಿಯಾರ 2015 ತೋರಿಸುತ್ತಿತ್ತು. ಯಾವಾಗಲೋ ಬ್ಯಾಟರಿ ಪೂರ್ತಿ ಇಳಿದು ತಾರೀಖು ಹೋಗಿದೆ, ನಾನು ಸರಿಮಾಡಿಲ್ಲ. ಒಂದೊಂದೇ ನೋಡಿ ಜೋಡಿಸಲು ಅರ್ಧ ದಿನ ಹಿಡಿಯಿತು.

ಒಂಬತ್ತು ಫೋಟೋ ಸಿಗಲೇ ಇಲ್ಲ. ಅವುಗಳ ಜಾಗದಲ್ಲಿ ಮಂಗಟ್ಟೆ ಕೂತಿತ್ತು. ಅದರಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಫೋಟೋ ಒಂದು. ಪಕ್ಕದ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮಗುವಿನ ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, ‘ಹೋಗ್ಲಿ ಬಿಡವ್ವ, ಅತ್ತೆ ಇನ್ನೂ ಊರಿಗೆ ಹೋಗಿಲ್ಲ. ಇನ್ನೊಂದ್ಸಲ ಹೇಳಿದ್ರೆ ಹೆಸರೇನು ಬದ್ಲಾಗುತ್ತಾ’ ಅಂದರು. ಮತ್ತೆ ಸೀರೆ ಉಡಿಸಿ, ತೊಟ್ಟಿಲು ಅಲಂಕರಿಸಿ ತೆಗೆದೆವು. ನಾಮಕರಣದ ದಿನ ಕಿರುಚಿ ಅತ್ತಿದ್ದ ಮಗು ಈ ಸಲ ನಿದ್ದೆ ಮಾಡುತ್ತಿತ್ತು. ನಿಜ ಹೇಳಬೇಕು ಅಂದರೆ ಈ ಫೋಟೋನೇ ಚೆನ್ನಾಗಿ ಬಂದಿದೆ.

ಅಂದಿನಿಂದ ನಾನು ಮಾಡುವುದು ಹೀಗೆ. ಮೊದಲು ಟ್ಯಾಬ್ ಚಾರ್ಜ್ ಅರ್ಧಕ್ಕಿಂತ ಮೇಲಿದೆಯಾ ನೋಡುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸದಲ್ಲ, ಹಾಗಾಗಿ ಕರೆಂಟ್ ಇದ್ದಾಗಲೇ ತುಂಬಿಸಿಟ್ಟಿರುತ್ತೇನೆ. ಎಸ್‌ಡಿ ಕಾರ್ಡಿನ ಎಡಬದಿಯಲ್ಲಿ ಉಗುರಲ್ಲಿ ಸರಿಸುವ ಪುಟ್ಟ ಗುಂಡಿ ಇದೆ ನೋಡಿ, ಅದನ್ನು ಕೆಳಕ್ಕೆ ಎಳೆದರೆ ಬೀಗ ಬಿದ್ದ ಹಾಗೆ. ರೀಡರ್ ಅದನ್ನು ನೋಡಿಕೊಂಡು ಕಾರ್ಡಿಗೆ ಏನೂ ಬರೆಯಲು, ಅಳಿಸಲು ಬಿಡುವುದಿಲ್ಲ. ತೀರಾ ಅಗ್ಗದ ಕೆಲವು ರೀಡರ್‌ಗಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಬೀಗ ಹಾಕಿ ಒಂದು ಬೇಡದ ಫೋಟೋ ಅಳಿಸಲು ನೋಡಿ, ಗೊತ್ತಾಗುತ್ತದೆ. ಟ್ಯಾಬ್‌ನಲ್ಲಿ ವರ್ಷ, ತಿಂಗಳು, ದಿನ ಅಂತ ಹೆಸರಿಟ್ಟು ಹೊಸ ಫೋಲ್ಡರ್ ಮಾಡುತ್ತೇನೆ. ಹಳೆಯ ಫೋಲ್ಡರ್‌ಗೇ ಸುರಿದರೆ ಕಷ್ಟ. ಕ್ಯಾಮೆರಾದ ಎಣಿಕೆ 9999 ದಾಟಿದರೆ ಮತ್ತೆ 0001ಕ್ಕೆ ಬರುತ್ತದೆ, ಒಂದೇ ಹೆಸರಿನ ಎರಡು ಫೋಟೋ ಎದುರಾದಾಗ ‘ಬದಲಿಸಲೇ’ ಅಂತ ಟ್ಯಾಬ್ ಕೇಳುತ್ತದೆ, ನಿದ್ದೆಗಣ್ಣಲ್ಲಿ ನಾವು ಹೂಂ ಅನ್ನುತ್ತೇವೆ. ಕಾಪಿಯಾದ ಮೇಲೆ ಎರಡೂ ಕಡೆ ಎಣಿಕೆ ತಾಳೆ ನೋಡಿ, ಕೊನೆಯ ನಾಲ್ಕೈದು ಫೋಟೋ ತೆರೆದು ನೋಡುತ್ತೇನೆ. ಆಮೇಲೆ ರೀಡರ್ ತೆಗೆದು, ಟೈಪ್ ಸಿ ಪೆನ್‌ಡ್ರೈವ್ ಹಾಕಿ ಇನ್ನೊಂದು ಪ್ರತಿ. ಅದೂ ಆದ ಮೇಲೇ ಕಾರ್ಡ್ ಬೀಗ ತೆಗೆದು ಕ್ಯಾಮೆರಾದಲ್ಲಿ ಫಾರ್ಮ್ಯಾಟ್. ರಾ ಫೈಲ್ ಒಂದೊಂದು 25 ಎಂಬಿ ಮೇಲೆ, ಟ್ಯಾಬ್ ತುಂಬಿ ಹೋಗುತ್ತದೆ, ಅವು ಪೆನ್‌ಡ್ರೈವ್‌ನಲ್ಲಿ ಮಾತ್ರ. ವಾಟ್ಸಾಪ್‌ನಲ್ಲಿ ಯಾರಾದರೂ ಪೂರ್ತಿ ಗಾತ್ರದ ಫೋಟೋ ಕೇಳಿದರೆ ಡಾಕ್ಯುಮೆಂಟ್ ಅಂತ ಕಳಿಸುತ್ತೇನೆ, ಇಲ್ಲದಿದ್ದರೆ ಅದೂ ಕುಗ್ಗಿಸುತ್ತದೆ.

ಕ್ಯಾಮೆರಾ ಗಡಿಯಾರವನ್ನೂ ಸರಿ ಮಾಡಿದೆ. ಅದರ ಉಪಯೋಗ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ನಮ್ಮ ಮಾವನಿಗೆ ಮಂಡಿನೋವು, ಮಳೆಗಾಲದಿಂದ ತೋಟಕ್ಕೆ ಇಳಿದಿರಲಿಲ್ಲ. ನಾನೇ ಗಿಡಗಳ ಫೋಟೋ ತೆಗೆದು ಟ್ಯಾಬ್‌ಗೆ ಹಾಕಿ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಒಂದೊಂದೇ ಸರಿಸುತ್ತಾ ಹೋದರು. ಒಂದು ಕಡೆ ನಿಲ್ಲಿಸಿ, ಎರಡು ಬೆರಳಿಟ್ಟು ಕಾಂಡವನ್ನು ಹಿಗ್ಗಿಸಿದರು. ಇನ್ನೂ ಹಿಗ್ಗಿಸಿದರು. ತೊಗಟೆ ಮೇಲೆ ಬಳೆಯ ಹಾಗೆ ಸಣ್ಣ ಉಬ್ಬು. ನಾನು ಗಿಡದ ಎದುರೇ ನಿಂತಿದ್ದರೂ ನೋಡಿರಲಿಲ್ಲ.

‘ಬೋರರ್ ಇದು. ಯಾವ ಗಿಡ?’

ಬೋರರ್ ಅಂದರೆ ಕಾಂಡ ಕೊರೆಯುವ ಹುಳ. ನಾಲ್ಕು ಎಕರೆಯಲ್ಲಿ ಯಾವ ಗಿಡ ಅಂತ ಹೇಳಲಿ? ಸಮಯ ನೋಡಿದೆ, 10:42. ಅದಕ್ಕೆ ಮುಂಚಿನ ಫೋಟೋ 10:41, ಅದರ ಮೂಲೆಯಲ್ಲಿ ಕೆರೆ ಏರಿ ಕಾಣುತ್ತಿತ್ತು. ‘ಕೆರೆ ಪಕ್ಕದ ಸಾಲು ಮಾವ, ಎರಡನೇದೋ ಮೂರನೇದೋ’ ಅಂದೆ.

ಟ್ಯಾಬ್ ನನ್ನ ಕೈಗೆ ಕೊಟ್ಟು, ಗೋಡೆಗೆ ಸಿಕ್ಕಿಸಿದ್ದ ಕತ್ತಿ ಎಳೆದುಕೊಂಡು ಮಾವ ಮೆಟ್ಟಿಲು ಇಳಿದರು.