ಸಂಬಳದ ಚೀಟಿ ಇಲ್ಲದೆ ಪ್ರೀಮಿಯಂ ಖಾತೆ: ಕಲಬುರಗಿಯ ಪಂಪ್‌ಸೆಟ್ ಅಂಗಡಿಯಿಂದ ನನ್ನ ಅನುಭವ

ಕಳೆದ ನವೆಂಬರ್‌ನಲ್ಲಿ ಅವ್ವನನ್ನು ವಿಮಾನದಲ್ಲಿ ಕಾಶಿಗೆ ಕರೆದುಕೊಂಡು ಹೋಗಿ ಬಂದೆ. ಅವ್ವನ ಟಿಕೆಟು, ಹೆಂಡತಿಯ ಟಿಕೆಟು ಎರಡೂ, ಖರ್ಚು ಮಾಡಿದ್ದಕ್ಕೆ ಕ್ರೆಡಿಟ್ ಕಾರ್ಡ್ ಕೊಡುವ ಪಾಯಿಂಟ್‌ಗಳಲ್ಲೇ ಆದವು. ಎರಡೂವರೆ ವರ್ಷದ ಹಿಂದೆ ನೆಹರೂ ಗಂಜ್‌ನ ಚಹಾ ಅಂಗಡಿಯಲ್ಲಿ, ಜಾಸ್ತಿ ದುಡ್ಡು ಇಡುವವರಿಗೆ ಬ್ಯಾಂಕು ಕೊಡುವ ಪ್ರೀಮಿಯಂ ಖಾತೆ ಮತ್ತು ಇಂಥ ಕಾರ್ಡು ನಾನೂ ತಗೊಳ್ತೀನಿ ಅಂತ ಮಾತು ತೆಗೆದಾಗ ಯಾರೂ ನಂಬಿರಲಿಲ್ಲ. "ಅವೆಲ್ಲ ಬೆಂಗಳೂರಾಗ ಸಂಬಳ ಎಣಸೋರಿಗಿ. ಉದ್ರಿ ಅಂಗಡಿಯವರಿಗಿ ಯಾರ್ ಕೊಡ್ತಾರ?" ಅಂದಿದ್ದರು. ಕೊಟ್ಟರು. ಹೇಗೆ ಅಂತ ಬರೆಯುತ್ತೇನೆ.

ನನ್ನದು ಪಂಪ್‌ಸೆಟ್, ಪೈಪು ಮತ್ತು ಮೋಟಾರ್ ವೈಂಡಿಂಗ್ ಅಂಗಡಿ. ವರ್ಷದ ವಹಿವಾಟು ಅಂದಾಜು 95 ಲಕ್ಷ. ಮಾಲು ಬರುವುದು ಕೊಯಮತ್ತೂರಿಂದ. ಹೋಗುವುದು ಜೇವರ್ಗಿಯ ತೊಗರಿಯವರಿಗೆ, ಅಫಜಲಪುರದ ಕಬ್ಬಿನವರಿಗೆ. ಹೆಚ್ಚುಕಮ್ಮಿ ಅರ್ಧ ಉದ್ರಿ. ತೊಗರಿ ಮಾರಿದ ಮೇಲೆ, ಅಂದರೆ ಜನವರಿ, ಫೆಬ್ರವರಿಯಲ್ಲಿ ದುಡ್ಡು ಒಮ್ಮೆಲೇ ಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಗಲ್ಲಾಪೆಟ್ಟಿಗೆ ಖಾಲಿ. ಬ್ಯಾಂಕಿಗೆ ಈ ಏರಿಳಿತ ಅರ್ಥವಾಗುವುದಿಲ್ಲ. ಅದಕ್ಕೆ ತಿಂಗಳು ತಿಂಗಳು ಒಂದೇ ತಾರೀಖಿಗೆ ಬೀಳುವ ದುಡ್ಡು ಬೇಕು.

ನಮ್ಮ ಬ್ಯಾಂಕಿನಲ್ಲಿ ಎರಡು ಬಾಗಿಲು ದಾಟಬೇಕಿತ್ತು. ಪಾಯಿಂಟ್ ಕೊಡುವ ದೊಡ್ಡ ಕಾರ್ಡಿಗೆ, ಸಂಬಳ ಇಲ್ಲದವರ ಐಟಿಆರ್‌ನಲ್ಲಿ, ಅಂದರೆ ವರ್ಷ ವರ್ಷ ಸಲ್ಲಿಸುವ ಆದಾಯ ತೆರಿಗೆ ರಿಟರ್ನ್‌ನಲ್ಲಿ, 12 ಲಕ್ಷ ಆದಾಯ ಕಾಣಬೇಕು. ಪ್ರೀಮಿಯಂ ಖಾತೆಗೆ, ನನ್ನ ಉಳಿತಾಯ ಖಾತೆಯಲ್ಲಿ ಮೂರು ತಿಂಗಳ ಸರಾಸರಿ 2 ಲಕ್ಷ ಇರಬೇಕು. ಇಲ್ಲವೇ ಮನೆಯವರೆಲ್ಲರ ದುಡ್ಡು ಸೇರಿ 10 ಲಕ್ಷ ಇರಬೇಕು. ಬೇರೆ ಬ್ಯಾಂಕುಗಳ ಅಂಕಿ ಬೇರೆ ಇರುತ್ತದೆ, ನಿಮ್ಮದನ್ನು ಕೇಳಿಕೊಳ್ಳಿ.

ಮೊದಲು ಮಾಡಿದ ತಪ್ಪು ಹೇಳುತ್ತೇನೆ. 2023ರಲ್ಲಿ ಅಂಗಡಿಯ ಚಾಲ್ತಿ ಖಾತೆಯಿಂದ ನನ್ನ ಉಳಿತಾಯ ಖಾತೆಗೆ ಪ್ರತಿ ತಿಂಗಳು 1ನೇ ತಾರೀಖು ಒಂದು ಲಕ್ಷ ಹಾಕತೊಡಗಿದೆ. ವಿವರದಲ್ಲಿ 'ಸ್ಯಾಲರಿ' ಅಂತ ಬರೆದೆ. ಎಂಟು ತಿಂಗಳು ಬಿಡದೆ ಹಾಕಿದೆ. ಮ್ಯಾನೇಜರ್ ಸಾಹೇಬ್ರು ಸ್ಟೇಟ್‌ಮೆಂಟ್ ನೋಡಿ, "ಸಾವ್ಕಾರ್ರೆ, ಎರಡೂ ಖಾತೆ ನಿಮ್ಮವೇ. ಇದು ಸಂಬಳ ಆಗೋದಿಲ್ಲ" ಅಂದರು. ಅವರು ಹೇಳಿದ್ದು ಸರಿ. ಒಬ್ಬನೇ ಮಾಲೀಕನಾಗಿರುವ ಅಂಗಡಿಯಲ್ಲಿ ಮಾಲೀಕ ತನಗೆ ತಾನೇ ಸಂಬಳ ಕೊಟ್ಟುಕೊಳ್ಳಲು ಬರುವುದಿಲ್ಲ. ತೆರಿಗೆ ಲೆಕ್ಕದಲ್ಲೂ ಅದು ಖರ್ಚಲ್ಲ. ಎಂಟು ತಿಂಗಳು ಹೋದವು.

ಎರಡನೆಯದು ಸರಾಸರಿಯ ಲೆಕ್ಕದ ತಪ್ಪು. ಸರಾಸರಿ 2 ಲಕ್ಷ ತೋರಿಸಬೇಕು, ನನ್ನದು ಎಪ್ಪತ್ತು-ಎಂಬತ್ತು ಸಾವಿರದಲ್ಲಿ ನಿಂತಿತ್ತು. ಸೆಪ್ಟೆಂಬರ್ ಕೊನೆಯ ಎಂಟು ದಿನಕ್ಕೆ ಭಾವನ ಹತ್ತಿರ 5 ಲಕ್ಷ ಕೈಗಡ ತಂದು ಹಾಕಿದೆ. ಆಯಿತು ಅಂದುಕೊಂಡೆ. ಸರಾಸರಿ ಎಂದರೆ ದಿನದಿನದ ಲೆಕ್ಕ ಅಲ್ವಾ? 5 ಲಕ್ಷವನ್ನು 8 ದಿನಕ್ಕೆ ಗುಣಿಸಿ 92 ದಿನಕ್ಕೆ ಭಾಗಿಸಿದರೆ 43 ಸಾವಿರ ಚಿಲ್ಲರೆ. ಒಟ್ಟು ಒಂದೂಕಾಲು ಲಕ್ಷವೂ ಮುಟ್ಟಲಿಲ್ಲ. ಖಾತೆ ಸಿಗಲಿಲ್ಲ, ಭಾವನಿಗೂ ಮುಖ ತೋರಿಸುವುದು ಕಷ್ಟವಾಯಿತು.

ಆದರೆ ಆ ಲೆಕ್ಕವೇ ದಾರಿ ತೋರಿಸಿತು. ಅದೇ 5 ಲಕ್ಷ 40 ದಿನ ಕೂತರೆ? ಸರಾಸರಿಗೆ 2 ಲಕ್ಷ 20 ಸಾವಿರ ಸೇರುತ್ತದೆ. ಕೊಯಮತ್ತೂರಿನವರು ನನಗೆ 45 ದಿನದ ಗಡುವು ಕೊಡುತ್ತಾರೆ. ನಾನು ಮೂರ್ಖತನದಿಂದ, ದುಡ್ಡು ಬಂದ ವಾರವೇ ಅವರಿಗೆ ಕಳಿಸಿ ಹಗುರಾಗುತ್ತಿದ್ದೆ. ಈಗ ಜನವರಿ ಮೊದಲ ವಾರದಲ್ಲಿ ಬಂದ ತೊಗರಿ ದುಡ್ಡು ನಲವತ್ತನೇ ದಿನದವರೆಗೆ ಖಾತೆಯಲ್ಲೇ ಇರುತ್ತದೆ. ಗಡುವು ಮೀರುವುದಿಲ್ಲ, ಅವರಿಗೂ ತಕರಾರಿಲ್ಲ. ಮಳೆಗಾಲದ ಮೂರು ತಿಂಗಳು ಇದನ್ನೇ ಹೇಗೆ ಹೊಂದಿಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಇನ್ನು ಆದಾಯದ ಬಾಗಿಲು. ನಮ್ಮ ಸಾಲಿನ ಅಂಗಡಿಯವರಂತೆ ನಾನೂ 44ಎಡಿ ಕೆಳಗೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಒಂದು ಪಾಲನ್ನೇ ಲಾಭ ಅಂತ ತೋರಿಸಲು ಬಿಡುವ ಆದಾಯ ತೆರಿಗೆ ಕಲಂ) ವಹಿವಾಟಿನ ಶೇಕಡಾ 8 ತೋರಿಸಿ ಸುಮ್ಮನಿರುತ್ತಿದ್ದೆ. ಅದೂ ಬ್ಯಾಂಕಿಗೆ ಬಂದ ವಹಿವಾಟಿನ ಮೇಲೆ. ಆದಾಯ ಆರೂವರೆ ಲಕ್ಷದ ಆಸುಪಾಸು, ತೆರಿಗೆ ಸೊನ್ನೆ. ನಿಜಕ್ಕೂ ಉಳಿಯುತ್ತಿದ್ದದ್ದು ಜಾಸ್ತಿ. ವೈಂಡಿಂಗ್‌ನಲ್ಲಿ ಉಳಿತಾಯ ಚೆನ್ನಾಗಿದೆ. ಶೇಕಡಾ 8, ಡಿಜಿಟಲ್ ಆಗಿ ಬಂದದ್ದಕ್ಕೆ 6 ಅನ್ನುವುದು ಕನಿಷ್ಠ. ಉಳಿದದ್ದು ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು ಅಂತ ಕಾನೂನು. 2023-24ರ ಲೆಕ್ಕಕ್ಕೆ ಆಡಿಟರ್ ಸಾಹೇಬ್ರ ಮುಂದೆ ನಿಜವಾದ ಪುಸ್ತಕ ಇಟ್ಟೆ. 12 ಲಕ್ಷ 40 ಸಾವಿರ ಬಂತು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ತೆರಿಗೆ ಒಂದು ಲಕ್ಷದ ಮೇಲೆ ಸ್ವಲ್ಪ. ಆಡಿಟರ್ ಸಾಹೇಬ್ರು ಪೆನ್ನು ಕೆಳಗಿಟ್ಟು, "ಒಂದು ಕಾರ್ಡಿನ ಸಲುವಾಗಿ ಲಕ್ಷ ಕಟ್ತೀರಾ?" ಎಂದು ಎರಡು ಸಲ ಕೇಳಿದರು. ಕಟ್ಟಿದೆ. ಕಟ್ಟಬೇಕಾದ ದುಡ್ಡೇ ಅದು.

ಆ ಒಂದು ಲಕ್ಷ ಸುಮ್ನೆ ಹೋಗಲಿಲ್ಲ. ಅದೇ ಐಟಿಆರ್ ತೋರಿಸಿದ್ದಕ್ಕೆ ಅಂಗಡಿಯ ಸಿಸಿ ಮಿತಿ, ಅಂದರೆ ಬೇಕಾದಾಗ ತೆಗೆದು ತಿರುಗಿ ತುಂಬುವ ಬ್ಯಾಂಕ್ ಸಾಲದ ಮಿತಿ, 6 ಲಕ್ಷದಿಂದ 15ಕ್ಕೆ ಏರಿತು. ಅಲ್ಲಿಯವರೆಗೆ ಸೀಸನ್ನಿಗೆ ಮುಂಚೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಹೊರಗೆ ಸಾಲ ತರುತ್ತಿದ್ದೆ. ಮೂರು-ನಾಲ್ಕು ಲಕ್ಷ, ಐದಾರು ತಿಂಗಳು. ಆ ಬಡ್ಡಿ ನಿಂತದ್ದೇ ದೊಡ್ಡ ಲಾಭ. ಪಾಯಿಂಟ್ ಆಮೇಲಿನ ಮಾತು. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲ. ಈಗ ಶುರು ಮಾಡುವವರಿಗೆ ನಾನು ಕಟ್ಟಿದ ಲಕ್ಷದ ಭಾರ ಇಲ್ಲ. ಎಫ್‌ಡಿ ಬಡ್ಡಿಯೂ ಆ 12ರೊಳಗೆ ಸೇರುತ್ತದೆ, ಮರೆಯಬೇಡಿ.

ವಹಿವಾಟು ಪೂರ್ತಿ ಕಾಣಲು ಕ್ಯೂಆರ್ ಬೇಕೇ ಬೇಕು. ಮೊದಲು ನನ್ನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಫೋನಿನಲ್ಲಿ ಬರುತ್ತಿತ್ತು. ಈಗ ಮುಕ್ಕಾಲಿಗಿಂತ ಜಾಸ್ತಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಗಂಜ್‌ನಲ್ಲೂ ಕೆಲವರು ಕ್ಯೂಆರ್ ಸ್ಟಿಕ್ಕರ್ ಕಿತ್ತರು. ನನಗೂ ಕೀಳು ಅಂದರು. ನಾನು ಕೀಳಲಿಲ್ಲ. ಜಿಎಸ್‌ಟಿ ನಂಬರ್ ಮೊದಲೇ ಇತ್ತು, ಬಿಲ್ಲು ಇತ್ತು, ಐಟಿಆರ್ ಅದಕ್ಕೆ ಹೊಂದುತ್ತಿತ್ತು. ಆ ತಿಂಗಳು ನೆಮ್ಮದಿಯಿಂದ ಮಲಗಿದೆ.

ಮನೆಯವರ ಖಾತೆ ಸೇರಿಸುವಾಗ ಮಾತ್ರ ಬಹಳ ಅಲೆದಾಡಿದೆ. ಅವ್ವನ ಹೆಸರಲ್ಲಿ 4 ಲಕ್ಷದ ಎಫ್‌ಡಿ ಇತ್ತು. ಆಳಂದ ಕಡೆಯ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಅವ್ವ ವರ್ಷ ವರ್ಷ ಕೂಡಿಟ್ಟ ದುಡ್ಡು. ಹೆಂಡತಿಯದು ಒಂದೂವರೆ. ನನ್ನ ಎಫ್‌ಡಿ 2, ಉಳಿತಾಯ ಖಾತೆಯಲ್ಲಿ 1. ಒಟ್ಟು ಎಂಟೂವರೆ, ಒಂದೂವರೆ ಕಮ್ಮಿ. ಅದಕ್ಕಿಂತ ಮೊದಲು ಅರ್ಜಿಯೇ ಎರಡು ಸಲ ವಾಪಸ್ ಬಂತು. ನನ್ನ ಆಧಾರ್‌ನಲ್ಲಿ ಊರು 'ಕಲಬುರಗಿ', ಅವ್ವನದರಲ್ಲಿ 'ಗುಲ್ಬರ್ಗಾ'. 2014ರ ನವೆಂಬರ್ 1ಕ್ಕೆ ಹೆಸರು ಬದಲಾದ ಊರು. ಮನೆ ನಂಬರ್ ಒಂದೇ, ಓಣಿ ಒಂದೇ. ಎಲ್ಲೋ ದೂರದ ಕಚೇರಿಯಲ್ಲಿ ಕೂತವರು ಬೇರೆ ಬೇರೆ ಊರು ಅಂತ ತಿರಸ್ಕರಿಸಿದರು. ಅವ್ವನನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ತಿದ್ದಿಸಿದೆ. ಒಂದೂವರೆ ತಿಂಗಳು ಹಿಡಿಯಿತು. ಉಳಿದ ಒಂದೂವರೆ ಲಕ್ಷದ ಉತ್ತರ ಕೌಂಟರಿನ ಹುಡುಗಿ ಹೇಳಿದಳು. ಅಂಗಡಿಯ ಚಾಲ್ತಿ ಖಾತೆಯ ಸರಾಸರಿಯೂ ಇದರಲ್ಲಿ ಸೇರುತ್ತದಂತೆ! ಇಬ್ಬರು ಅಧಿಕಾರಿಗಳು ಇದನ್ನು ಹೇಳಿರಲಿಲ್ಲ. ಅದರಲ್ಲಿ ಸರಾಸರಿ 2 ಲಕ್ಷ ಇರುತ್ತದೆ. ಹತ್ತೂವರೆ ಆಯಿತು.

ದುಡ್ಡನ್ನು ಯಾರ ಹೆಸರಲ್ಲಿ ಇಡಬೇಕು ಅನ್ನುವುದನ್ನೂ ನೋಡಿ. ಹೆಂಡತಿಗೆ ಕೊಟ್ಟ ದುಡ್ಡಿನ ಬಡ್ಡಿ ತಿರುಗಿ ನನ್ನ ಆದಾಯಕ್ಕೇ ಸೇರುತ್ತದೆ. ತಾಯಿಗೆ ಕೊಟ್ಟರೆ ಹಾಗಿಲ್ಲ. ಹಿರಿಯರಿಗೆ ಬಡ್ಡಿಯೂ ಅರ್ಧ ಪರ್ಸೆಂಟ್ ಜಾಸ್ತಿ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ. ಅದಕ್ಕೇ ಅವ್ವನ ಎಫ್‌ಡಿ ನಾಲ್ಕಕ್ಕೇ ನಿಲ್ಲಿಸಿದೆ.

2025ರ ಮಾರ್ಚ್‌ನಲ್ಲಿ ಖಾತೆ, ಕಾರ್ಡ್ ಎರಡೂ ಬಂದವು. ಅರ್ಜಿ ಹಾಕಿದ್ದು ಬೇಕಂತಲೇ ಫೆಬ್ರವರಿ ಕೊನೆಗೆ, ತೊಗರಿ ದುಡ್ಡು ಸ್ಟೇಟ್‌ಮೆಂಟಿನಲ್ಲಿ ಕಾಣುವ ಹೊತ್ತಿಗೆ.

ಪಾಯಿಂಟ್ ಕೂಡಿಸಲು ನಡುವೆ ಒಂದೆರಡು ಪ್ರಯೋಗ ಮಾಡಿದೆ. ಕೊಯಮತ್ತೂರಿನ ಬಿಲ್ಲನ್ನು ಒಂದು ಆ್ಯಪ್ ಮೂಲಕ ಕಾರ್ಡಿನಲ್ಲಿ ಕಟ್ಟಿ ನೋಡಿದೆ. ಲಕ್ಷಕ್ಕೆ ಶೇಕಡಾ 2 ಶುಲ್ಕ, ಮೇಲೆ ಜಿಎಸ್‌ಟಿ, ಒಟ್ಟು 2,360 ರೂಪಾಯಿ ಹೋಯಿತು. ಬಂದ ಪಾಯಿಂಟಿನ ಬೆಲೆ ಸಾವಿರ ಇರಬಹುದು. ಸಾಲದ್ದಕ್ಕೆ, ಸ್ವಂತದ ಕಾರ್ಡಿನಲ್ಲಿ ವ್ಯಾಪಾರ ಮಾಡಬೇಡಿ ಅಂತ ಬ್ಯಾಂಕಿನಿಂದ ಫೋನ್ ಬಂತು. ಅಲ್ಲಿಗೇ ಬಿಟ್ಟೆ. ಪೆಟ್ರೋಲ್ ಹಾಕಿಸಿದರೆ ಸರ್‌ಚಾರ್ಜ್ ವಾಪಸ್ ಬರುತ್ತದೆ, ಪಾಯಿಂಟ್ ಇಲ್ಲ. ಕೆಲಸಕ್ಕೆ ಬಂದದ್ದು ತಂಗಿಯ ಮಗಳ ಮದುವೆ. ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ನಾನು ಕಾರ್ಡ್ ಉಜ್ಜಿದೆ, ತಂಗಿ ನನಗೆ ದುಡ್ಡು ಹಾಕಿದಳು. ಎರಡೂವರೆ ಲಕ್ಷದ ಖರ್ಚು ಒಂದೇ ವಾರದಲ್ಲಿ.

ಕಾಶಿಗೆ ಹೈದರಾಬಾದ್‌ನಿಂದ ಹತ್ತಿದೆವು. ಹುಮನಾಬಾದ್ ಮೇಲೆ ಕಾರಿನಲ್ಲಿ ಹೋದೆವು. ಪಾಯಿಂಟನ್ನು ವಿಮಾನ ಕಂಪನಿಗೆ ವರ್ಗ ಮಾಡಿ ಎರಡು ಟಿಕೆಟ್ ತೆಗೆದೆ. ತೆರಿಗೆ, ಫೀಸು ಅಂತ ತಲೆಗೆ ಸಾವಿರದಷ್ಟು ಕೈಯಿಂದ. ಇದರಿಂದ ನನಗೆ ಉಳಿತಾಯವಾದದ್ದು ಇಪ್ಪತ್ತು ಸಾವಿರದ ಹತ್ತಿರ. ಶಂಷಾಬಾದ್ ವಿಮಾನ ನಿಲ್ದಾಣದ ಲೌಂಜ್‌ನಲ್ಲಿ, ಅಂದರೆ ತಿಂಡಿ ಕೊಡುವ ವಿಶ್ರಾಂತಿ ಕೋಣೆಯಲ್ಲಿ, ಕಾರ್ಡಿನಿಂದ 2 ರೂಪಾಯಿ ಉಜ್ಜಿ ಒಳಗೆ ಬಿಟ್ಟರು. ಹಿಂದಿನ ಮೂರು ತಿಂಗಳ ಖರ್ಚಿನ ಶರತ್ತು ಮದುವೆಯಿಂದಲೇ ತೀರಿತ್ತು. ಅವ್ವ ಅಲ್ಲಿ ಕೂತು ಮನೆಯ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದಳು. ಅವರ ಇಡ್ಲಿಯನ್ನೂ ತಿಂದಳು. ಕಿಟಕಿಯಿಂದ ವಿಮಾನ ಏರುವುದನ್ನು ನೋಡುತ್ತಾ ನನ್ನ ಕೈ ಬಿಡಲೇ ಇಲ್ಲ.

ಖರ್ಚಿನ ಕಡೆ ನೋಡಿದರೆ, ಉಳಿತಾಯ ಖಾತೆಯಲ್ಲಿ 2 ಲಕ್ಷ ಸುಮ್ನೆ ಕೂತರೆ ಎಫ್‌ಡಿಗಿಂತ ವರ್ಷಕ್ಕೆ ಸುಮಾರು 8 ಸಾವಿರ ಬಡ್ಡಿ ಕಮ್ಮಿ. ಅದಕ್ಕೇ ಈಗ ನಾನು ಪೂರ್ತಿ ಮನೆಯವರ 10 ಲಕ್ಷದ ಲೆಕ್ಕಕ್ಕೆ ಬಂದಿದ್ದೇನೆ. ಅದು ಒಳ್ಳೆಯದೇ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಮಳೆ ಅತಿಯಾಗಿ, ಭೀಮಾ ತುಂಬಿ, ತೊಗರಿ ಹೊಲಗಳಲ್ಲಿ ನೀರು ನಿಂತಿತು. ಜನವರಿಯಲ್ಲಿ ನನ್ನ ಉದ್ರಿ ಅರ್ಧವೂ ವಾಪಸ್ ಬರಲಿಲ್ಲ. ಬೆಳೆ ಕಳಕೊಂಡ ರೈತನ ಮನೆಗೆ ಹೋಗಿ ದುಡ್ಡು ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಒಬ್ಬನ ಸರಾಸರಿ ಮೇಲೆ ನಿಂತಿದ್ದರೆ ಆ ಮೂರು ತಿಂಗಳಲ್ಲಿ ಖಾತೆ ಕೆಳಗಿಳಿಯುತ್ತಿತ್ತು. ಅವ್ವನ ಲಾವಣಿ ದುಡ್ಡು ಹಿಡಿದು ನಿಲ್ಲಿಸಿತು.

ಚಹಾ ಅಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ಬೇಡ ಅಂದಿದ್ದ ಗೆಳೆಯ ಹೋದ ವಾರ ಅಂಗಡಿಗೆ ಬಂದಿದ್ದ. ಕಿತ್ತ ಕ್ಯೂಆರ್ ತಿರುಗಿ ಅಂಟಿಸಿದ್ದಾನೆ. ಮನೆಯವರ ಕಾಗದಪತ್ರ ಎಲ್ಲಾ ಒಂದು ಚೀಲದಲ್ಲಿ ತಂದಿದ್ದ. ತೆಗೆದು ನೋಡಿದೆ. ನಾಲ್ಕು ಆಧಾರ್‌ನಲ್ಲಿ ಮೂರರಲ್ಲಿ ಇನ್ನೂ 'ಗುಲ್ಬರ್ಗಾ' ಇದೆ. ಮೊದಲು ಅವನ್ನು ತಿದ್ದಿಸಿಕೊಂಡು ಬಾ ಅಂತ ಕಳಿಸಿದೆ.